ಹೆಸರು ಅಳಿಸುವ ಟೈಪಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ಆಸ್ಪತ್ರೆಯ ಅಂಗಳದಲ್ಲಿ ಆಂಬುಲೆನ್ಸ್ ಚಾಲಕ ಸೀಟು ಹಿಂದಕ್ಕೆ ಬಾಗಿಸಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ. ಆ ಗೊರಕೆ, ನೆಲ ಒರೆಸುವವರ ಬಕೆಟ್ಟಿನ ಸದ್ದು ಬಿಟ್ಟರೆ ಉಳಿದೆಲ್ಲ ಮೌನ. ಎಕ್ಸ್-ರೇ ವಿಭಾಗದ ಹಿಂದಿನ ಪುಟ್ಟ ಕೋಣೆಗೆ ಬರುವ ಟೈಪಕ್ಕ ಮೊದಲು ಮಾಡುವ ಕೆಲಸ, ಬಾಗಿಲ ಹೊರಗಿನ ಮರದ ಗೂಡಿನಲ್ಲಿ ತಮ್ಮ ಫೋನು ಇಡುವುದು. ಆಮೇಲೆ ಕನ್ನಡಕ ಒರೆಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಹಾಗೆ ಕೂತರೆ ಯಾರೂ ಇಣುಕುವಂತಿಲ್ಲ. ಅವರ ಕೆಲಸ ನೋಡಲೆಂದೇ ಬಂದವರಿಗೂ ಕಾಣುವುದು ಕಂಪ್ಯೂಟರಿನ ಹಿಂಭಾಗ ಮಾತ್ರ.

ರೋಗ ಗುರುತಿಸಲು ಕಲಿಯುತ್ತಿರುವ ಕೃತಕ ಬುದ್ಧಿಮತ್ತೆಗೆ ಹಳೆಯ ರೋಗಿಗಳ ವರದಿಗಳು ರಾಶಿ ರಾಶಿ ಬೇಕು. ಒಪ್ಪಿಗೆ ಕೊಟ್ಟವರ ವರದಿಯನ್ನು ಆಸ್ಪತ್ರೆ ಕೊಡುತ್ತದೆ, ಆದರೆ ವರದಿಯ ಜೊತೆ ರೋಗಿಯನ್ನು ಕೊಡುವಂತಿಲ್ಲ. ಅದಕ್ಕಾಗಿ ಒಂದು ಯಂತ್ರ ರಾತ್ರಿಯಿಡೀ ಕೂತು ಹೆಸರು, ವಿಳಾಸ, ಫೋನ್ ನಂಬರುಗಳ ಮೇಲೆ ಕಪ್ಪು ಪಟ್ಟಿ ಎಳೆದಿರುತ್ತದೆ. ಅದರ ಕಣ್ಣು ತಪ್ಪಿಸಿಕೊಂಡದ್ದನ್ನು ಹಿಡಿಯುವುದು ಟೈಪಕ್ಕನ ಪಾಲಿನ ಕೆಲಸ. ದಿನಕ್ಕೆ ಸುಮಾರು ಮುನ್ನೂರು ಪುಟ ಓದಿದರೆ ಅವರು ತಡೆಯುವುದು ನಾಲ್ಕೋ ಐದೋ. ಉಳಿದದ್ದರಲ್ಲಿ ಯಂತ್ರ ಗಟ್ಟಿಗ ಎಂದು ಅವರೇ ಶಹಬ್ಬಾಸ್ ಕೊಡುತ್ತಾರೆ. ಶುರುವಿನಲ್ಲಿ ಮಾತ್ರ ಅದರ ಉತ್ಸಾಹ ಹೇಳತೀರದು. ಪಾರ್ಕಿನ್ಸನ್ ಕಾಯಿಲೆಯನ್ನೂ ಯಾರೋ ರೋಗಿಯ ಹೆಸರೆಂದು ತಿಳಿದು ಸಾರಾಸಗಟಾಗಿ ಅಳಿಸಿ ಹಾಕಿತ್ತಂತೆ.

"ಹೆಸರು ಅಳಿಸೋಕೆ ಯಂತ್ರ ಸಾಕು," ಎನ್ನುತ್ತಾರೆ ಟೈಪಕ್ಕ. "ಆದ್ರೆ ನಾವು ಯಾರನ್ನ ಹೆಸರಿಂದ ಗುರುತಿಸ್ತೀವಿ ಹೇಳಿ? ಮೂಲೆ ಅಂಗಡಿಯವನು, ಮೀಸೆ ಮೇಷ್ಟ್ರು, ಎರಡನೇ ಮಹಡಿ ಜಗಳಗಂಟಿ, ಹೀಗೇ ತಾನೇ?"

ಒಂದು ಉದಾಹರಣೆ ಕೊಡಿ ಎಂದು ಕೇಳಿದರೆ ಅವರೇ ಒಂದನ್ನು ಕಟ್ಟಿ ಹೇಳುತ್ತಾರೆ. ನಿಜವಾದ ಪುಟದಿಂದ ಒಂದು ಅಕ್ಷರವನ್ನೂ ಬಿಟ್ಟುಕೊಡುವವರಲ್ಲ. ಮಾರುಕಟ್ಟೆಯಲ್ಲಿ ಹರಾಜು ಕೂಗುವವನಿಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಗಿದೆ ಎಂದಿಟ್ಟುಕೊಳ್ಳಿ. ಹೆಸರು ತೆಗೆದರೂ ಇಡೀ ಪೇಟೆಗೆ ಅವನ ಗುರುತು ಸಿಗುತ್ತದೆ. ಕಸುಬನ್ನೇ ಅಳಿಸಿಬಿಟ್ಟರೆ ಗಂಟಲು ಯಾಕೆ ಕೆಟ್ಟಿತು ಎನ್ನುವುದು ವೈದ್ಯರಿಗೆ ತಿಳಿಯದು. ಆಗ ಟೈಪಕ್ಕ 'ದಿನವಿಡೀ ಜೋರಾಗಿ ಮಾತಾಡುವ ಕೆಲಸ' ಎಂದು ತಿದ್ದುತ್ತಾರೆ. ಹಾವೂ ಸತ್ತಿತು, ಕೋಲೂ ಉಳಿಯಿತು.

ಈ ಹೆಂಗಸಿಗೆ ಟೈಪಕ್ಕ ಎಂಬ ಹೆಸರು ಬಿದ್ದದ್ದು ಇದಕ್ಕೆ ಪೂರ್ತಿ ತಿರುವುಮುರುವಾದ ಕೆಲಸದಿಂದ. ಇಪ್ಪತ್ತು ವರ್ಷ ಅವರು ಇದೇ ಆಸ್ಪತ್ರೆಯಲ್ಲಿ ವೈದ್ಯರು ಗೊಣಗಿದ್ದನ್ನೆಲ್ಲ ಹೆಡ್‌ಫೋನಿನಲ್ಲಿ ಕೇಳಿ ವರದಿ ಟೈಪ್ ಮಾಡುತ್ತಿದ್ದರು. ಒಂದು ದಿನ ಮಾತು ಕೇಳಿಸಿಕೊಂಡು ತಾನೇ ಬರೆಯುವ ಸಾಫ್ಟ್‌ವೇರ್ ಬಂತು, ಟೈಪಕ್ಕ ಮನೆಗೆ ಬಂದರು. ಆ ದಿನಗಳು ಕೆಟ್ಟವು. ಊಟದ ಮೇಜಿನ ಮೇಲೆ ಹೆಂಡತಿಯ ಬೆರಳುಗಳು ತಮ್ಮಷ್ಟಕ್ಕೆ ಟೈಪ್ ಮಾಡುತ್ತಿದ್ದವು ಎಂದು ಶಾಲಾ ವ್ಯಾನ್ ಓಡಿಸುವ ಗಂಡ ಈಗಲೂ ನೆನೆಯುತ್ತಾರೆ. ಮುಂದೆ ಹೆಸರು ಅಳಿಸುವ ಕೆಲಸ ಶುರುವಾದಾಗ ಆಸ್ಪತ್ರೆಯ ಎಂಜಿನಿಯರ್, ಈ ವರದಿಗಳನ್ನು ಎಲ್ಲರಿಗಿಂತ ಹೆಚ್ಚು ಓದಿದವರು ಯಾರು ಎಂದು ಹುಡುಕಿಕೊಂಡು ಮನೆ ಬಾಗಿಲಿಗೇ ಬಂದರು.

"ನನ್ನ ಅನ್ನ ಕಿತ್ಕೊಂಡಿತಲ್ಲ ಯಂತ್ರ, ಈಗ ಅದರ ತಮ್ಮನಿಗೆ ನಾನೇ ಮೇಷ್ಟ್ರು," ಎಂದು ಟೈಪಕ್ಕ ನಗುತ್ತಾರೆ. ನಗುವಿನಲ್ಲಿ ಹಳೆಯ ಸಿಟ್ಟು ಸ್ವಲ್ಪ ಉಳಿದಿದೆ, ಮುಚ್ಚಿಡುವ ಗೋಜಿಗೂ ಅವರು ಹೋಗುವುದಿಲ್ಲ.

ಪುಟ ಸುರಕ್ಷಿತವೋ ಅಲ್ಲವೋ ಎಂದು ತೂಗಲು ಅವರ ಬಳಿ ಇರುವ ತಕ್ಕಡಿ ಅವರ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಒಂದೇ ಕಟ್ಟಡ, ಅಣ್ಣನ ಸಂಸಾರ ಕೆಳಗೆ, ತಮ್ಮನದು ಮೇಲೆ, ಅಡುಗೆ ಮಾತ್ರ ಎಲ್ಲರಿಗೂ ಕೆಳಗಿನ ಮನೆಯಲ್ಲೇ. ಬೀದಿಯಲ್ಲಿ ಯಾರ ಮನೆಗೆ ಯಾರು ಬಂದರು, ಹೋಗುವಾಗ ಯಾಕೆ ಸಪ್ಪಗಿದ್ದರು ಎಂಬುದೆಲ್ಲ ಈ ವಾರಗಿತ್ತಿಗೆ ಅಂಗೈ ನೆಲ್ಲಿಕಾಯಿ. ಅರ್ಧ ಸುಳಿವು ಸಿಕ್ಕರೆ ಇಡೀ ಮನುಷ್ಯನನ್ನು ಹಿಡಿದು ತಂದು ನಿಲ್ಲಿಸುತ್ತಾರೆ. "ಇದನ್ನ ನಮ್ಮಕ್ಕ ಓದಿದ್ರೆ ಯಾರು ಅಂತ ಹೇಳ್ತಾಳಾ? ಹೇಳ್ತಾಳೆ ಅನ್ನಿಸಿದ್ರೆ ಆ ಪುಟ ಹೊರಗೆ ಹೋಗಲ್ಲ, ಅಷ್ಟೇ," ಎನ್ನುತ್ತಾರೆ ಟೈಪಕ್ಕ. ಈ ಮಾತು ಎಂಜಿನಿಯರಿಗೆ ಎಷ್ಟು ಹಿಡಿಸಿತೆಂದರೆ, ಹೆಸರು ಅಳಿಸಿದ ಪುಟ ಓದಿ ರೋಗಿ ಯಾರಿರಬಹುದೆಂದು ಊಹಿಸುವ ಎರಡನೆಯ ಯಂತ್ರವನ್ನೇ ಅವರು ಕಟ್ಟಿದರು. ಕಚೇರಿಯಲ್ಲಿ ಅದರ ಹೆಸರೇ ವಾರಗಿತ್ತಿ. ಅಸಲಿ ವಾರಗಿತ್ತಿಯ ಮುಂದೆ ಅದಿನ್ನೂ ಕೂಸು ಎಂಬುದು ಟೈಪಕ್ಕನ ತೀರ್ಪು.

ಕೋಣೆಯಲ್ಲಿ ಮೊದಲು ಒಂದು ನಿಯಮವಿತ್ತು. ಗುರುತಿನವರ ಪುಟ ಎದುರಾದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಿ, 'ಪರಿಚಯದವರು' ಎಂಬ ಗುಂಡಿ ಒತ್ತಿ, ಪಕ್ಕದ ಸಹೋದ್ಯೋಗಿಗೆ ದಾಟಿಸಬೇಕು. ಹೋದ ವರ್ಷ ಒಂದು ಬೆಳಿಗ್ಗೆ ಟೈಪಕ್ಕ ಎಂಜಿನಿಯರ ಮೇಜಿನ ಮುಂದೆ ಬಂದು ನಿಂತರು. ಗುಟ್ಟು ಕಾಯಬೇಕಾದ ನಿಯಮವೇ ಗುಟ್ಟು ಒಡೆಯುತ್ತಿದೆ ಎಂದರು. ಪಕ್ಕದವಳಿಗೆ ಇವರ ನೆಂಟರಿಷ್ಟರೆಲ್ಲ ಗೊತ್ತು. ಪುಟ ದಾಟಿದ ಕೂಡಲೇ ಇದು ಟೈಪಕ್ಕನ ಕಡೆಯವರದು ಎಂದು ಆಕೆಗೆ ಹೊಳೆಯದೆ ಇರುತ್ತದೆಯೇ? "ಕುಂಬಳಕಾಯಿ ಕಳ್ಳ ಅಂದ್ರೆ ನಾವೇ ಹೆಗಲು ಮುಟ್ಟಿ ತೋರಿಸಿದ ಹಾಗಾಯ್ತಲ್ಲ ಸಾರ್," ಎಂದರಂತೆ.

ಗುರುತೇ ಇಲ್ಲದವರ ಪುಟಗಳನ್ನೂ ದಿನಾ ಒಂದಿಷ್ಟು ದಾಟಿಸುತ್ತಿರೋಣ, ಯಾವುದು ಯಾಕೆ ದಾಟಿತು ಎಂದು ಯಾರಿಗೂ ತಿಳಿಯಬಾರದು ಎಂಬುದು ಅವರ ಸಲಹೆ. ಎಂಜಿನಿಯರ್ ಕುಣಿದಾಡಿದರು. ಆದರೆ ನಾಲ್ಕು ದಿನ ನೋಡಿದರೆ, ಟೈಪಕ್ಕ ದಾಟಿಸುತ್ತಿದ್ದದ್ದೆಲ್ಲ ಮಾರುದ್ದದ ಬೇಸರದ ಪುಟಗಳೇ. ಮನುಷ್ಯರ ಕೈಗೆ ಕೊಟ್ಟರೆ ಇದು ಆಗದ ಕೆಲಸವೆಂದು, ಯಾವುದನ್ನು ದಾಟಿಸಬೇಕು ಎನ್ನುವುದನ್ನು ಎಂಜಿನಿಯರ್ ಯಂತ್ರಕ್ಕೇ ಬಿಟ್ಟರು. ಗುಂಡಿ ಒತ್ತಿದ ಗುರುತಿನವರ ಪುಟವೂ ಈಗ ಅದೇ ಹಿಂಡಿನಲ್ಲಿ ಬೆರೆತು ಹೋಗುತ್ತದೆ, ಅದರ ದಾಖಲೆ ಎಲ್ಲೂ ಉಳಿಯುವುದಿಲ್ಲ. ಖುದ್ದು ಎಂಜಿನಿಯರಿಗೂ ಅದನ್ನು ಹೆಕ್ಕಿ ತೆಗೆಯಲು ಬರುವುದಿಲ್ಲ.

ಅದೇ ದಿನಗಳಲ್ಲಿ ಟೈಪಕ್ಕನ ಮನೆ ಒಡೆಯುವುದರಲ್ಲಿತ್ತು. ವಾರಗಿತ್ತಿ ಇದ್ದಕ್ಕಿದ್ದಂತೆ ಮೌನಿಯಾಗಿದ್ದರು. ಮೈದುನ ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಟೈಪಕ್ಕನ ಹೊಸ ಅಳಿಯ ಮೆಟ್ಟಿಲ ಬಳಿ ಎರಡು ಸಲ "ದೊಡ್ಡತ್ತೆ" ಎಂದು ಕೂಗಿದರೂ ಕಂಡೂ ಕಾಣದಂತೆ ಒಳಗೆ ನಡೆದುಬಿಟ್ಟರು. ಅಲ್ಲಿಗೆ ಟೈಪಕ್ಕನ ಗಂಡನ ಸಹನೆಯ ಕಟ್ಟೆ ಒಡೆಯಿತು. ಇಷ್ಟು ಸೊಕ್ಕಿನವರ ಜೊತೆ ಒಂದೇ ಒಲೆ ಬೇಡವೆಂದು ಹೊಸ ಒಲೆಯನ್ನೇ ತಂದು ಮೇಲಿನ ಮನೆಯಲ್ಲಿಟ್ಟರು. ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತು.

ಗಂಡ ಕೂಗಾಡುವಾಗ ಟೈಪಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಗಳು ಫೋನಿನಲ್ಲಿ ಅತ್ತಾಗಲೂ ದೊಡ್ಡಮ್ಮನ ಪರವಾಗಿ ಒಂದು ಮಾತು ಆಡಲಿಲ್ಲ, ವಿರೋಧವಾಗಿಯೂ ಆಡಲಿಲ್ಲ. ಕಡೆಗೆ ಗಂಡನಿಗೆ ಹೇಳಿದ್ದು ಇಷ್ಟೇ: "ಒಲೆ ಹಚ್ಚೋ ಮುಂಚೆ ಅತ್ತಿಗೇನ ಒಂದ್ಸಲ ಕೇಳಿ. ಬೆನ್ನ ಹಿಂದಿನಿಂದ ಕೂಗಬೇಡಿ, ಎದುರಿಗೆ ಕೂತು ಕೇಳಿ."

ಎದುರಿಗೆ ಕೂತು ಕೇಳಿದಾಗ ಆ ಹೆಂಗಸು ಮೈದುನನ ತುಟಿಯನ್ನೇ ದಿಟ್ಟಿಸಿ ನೋಡಿ, ಬಿಕ್ಕಿ ಬಿಕ್ಕಿ ಅತ್ತರು. ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಅರ್ಧ. ಪೇಟೆಗೆ ಹೋಗುವ ನೆಪ ಹೇಳಿ ಇದೇ ಆಸ್ಪತ್ರೆಯಲ್ಲಿ ಕದ್ದುಮುಚ್ಚಿ ತೋರಿಸಿಕೊಂಡಿದ್ದರು. ಗಂಡನಿಗೂ ಹೇಳಿರಲಿಲ್ಲ. ಹೊಸ ಒಲೆ ಮಾರನೆಯ ದಿನವೇ ಮಗಳ ಮನೆ ಸೇರಿತು.

ಇದನ್ನೆಲ್ಲ ಹೇಳಿದ್ದು ಟೈಪಕ್ಕ ಅಲ್ಲ, ಸ್ವತಃ ವಾರಗಿತ್ತಿ. ಇದು ನಮ್ಮ ಪತ್ರಿಕೆಯಲ್ಲಿ ಬರಲೇಬೇಕೆಂದು ಹಟ ಹಿಡಿದವರೂ ಅವರೇ. "ಊರ ಸುದ್ದಿ ಹೇಳೋಳು ಕಿವುಡಿ ಆದ್ಲು ಅಂದ್ರೆ ಜನ ನಗ್ತಾರೆ ಅಂತ ಭಯ ಆಗಿತ್ತು. ಈಗೇನು, ಯಂತ್ರ ಹಾಕ್ಕೊಂಡಿದೀನಿ. ಆಚೆ ಬೀದಿ ಪಿಸುಮಾತೂ ಬೀಳುತ್ತೆ," ಎಂದು ಕಿವಿಯತ್ತ ಬೆರಳು ತೋರುತ್ತಾರೆ. ಆದರೆ ಅವರಿಗೊಂದು ಗುಮಾನಿಯಿದೆ. ಪರೀಕ್ಷೆಯ ದಿನ ತಮ್ಮ ವರದಿ ಕೊಡಲು ಒಪ್ಪಿ ಸಹಿ ಹಾಕಿದ್ದರು, ಆ ವರದಿ ಎಕ್ಸ್-ರೇ ಹಿಂದಿನ ಕೋಣೆಗೆ ಹೋಗಿರಲೇಬೇಕು. ಆ ಕೋಣೆಯ ನಿಯಮ ಬದಲಾದದ್ದೂ ಅದೇ ತಿಂಗಳು. ಮೇಲಿಂದ 'ಎದುರಿಗೆ ಕೂತು ಕೇಳಿ' ಎಂಬ ಮಾತು ಬೇರೆ. ಎರಡಕ್ಕೆ ಎರಡು ಕೂಡಿಸಿ ನಾಲ್ಕೆನ್ನಲು ಅವರಿಗೆ ಯಾರೂ ಕಲಿಸಬೇಕಿಲ್ಲ. ಆದರೂ ನನ್ನ ಪುಟ ನೋಡಿದೆಯಾ ಎಂದು ಪುಸಲಾಯಿಸಿ, ಬೈದು, ಆಣೆ ಹಾಕಿಸಿ ಕೇಳಿದರೂ ಉತ್ತರ ಸಿಕ್ಕಿಲ್ಲ. "ಎಂಥೆಂಥವರ ಬಾಯಿ ಬಿಡಿಸಿದೀನಿ ನಾನು. ಇವಳ ಹತ್ರ ಮಾತ್ರ ನನ್ನ ಬೇಳೆ ಬೇಯಲಿಲ್ಲ," ಎನ್ನುವಾಗ ಅವರ ದನಿಯಲ್ಲಿ ಮುನಿಸಿಗಿಂತ ಅಭಿಮಾನವೇ ಹೆಚ್ಚು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೈಯಲ್ಲಿನ ಫೋನೂ ಸಾಲದೆಂಬಂತೆ ಗೋಡೆಯ ಗಡಿಯಾರವೂ ನಮ್ಮ ಮಾತಿಗೆ ಕಿವಿಗೊಟ್ಟಿರುವ ಕಾಲವಿದು. ಇಂಥ ಕಾಲದಲ್ಲಿ ಹೀಗೊಬ್ಬರು ಇದ್ದಾರಲ್ಲ ಎಂದು ನಿಜಕ್ಕೂ ಧೈರ್ಯ ಬರುತ್ತದೆ.

ಟೈಪಕ್ಕನನ್ನೇ ನೇರವಾಗಿ ಕೇಳಿದ್ದಾಯಿತು. ಎದುರಿಗೆ ಕೂತು ಮಾತಾಡಿ ಎಂದು ನನ್ನ ಬಳಿ ಜಗಳ ಹೊತ್ತು ತಂದ ಎಲ್ಲರಿಗೂ ಹೇಳುತ್ತೇನೆ, ಅದರಲ್ಲೇನು ವಿಶೇಷ ಎಂದರು. ಪುಟ ನೋಡಿದ್ದೇ ನಿಜವಾದರೆ, ಕಣ್ಣೆದುರೇ ಮನೆ ಒಡೆಯುವಾಗ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟವಾಗಿರಬೇಕು ಎಂದೂ ಕೇಳಿದ್ದಾಯಿತು. ಮುಂದಿನ ಪುಟ ತೆರೆಯುತ್ತಾ ಅವರೆಂದರು: "ನೋಡಿದ್ರೂ ನನ್ನ ಮುಖ ಹೀಗೇ ಇರ್ತಿತ್ತು, ನೋಡದೇ ಇದ್ರೂ ಹೀಗೇ ಇರ್ತಿತ್ತು. ನಂಗೆ ಸಂಬಳ ಕೊಡೋದೇ ಅದಕ್ಕೆ."