ಜಂಬಮ್ಮ ಬಾರದ ಭಾನುವಾರ

ಕರೂರಿನ ಕಡೆ ಹೋದರೆ ಜಂಬಮ್ಮನ ಗುಂಪು ನಾಟಿ ಹಚ್ಚಿದ ಗದ್ದೆ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಬದುವಿನ ಮೇಲೆ ನಿಂತು ನೋಡಿದರೆ ಸಾಕು. ಹಗ್ಗ ಹಿಡಿಯದೆ, ಗುರುತು ಹಾಕದೆ, ಸಸಿಯ ಸಾಲು ಆ ತುದಿಯಿಂದ ಈ ತುದಿಗೆ ಬೈತಲೆ ತೆಗೆದ ಹಾಗೆ ಇರುತ್ತದೆ. ಹನ್ನೆರಡು ಹೆಣ್ಣುಮಕ್ಕಳ ಗುಂಪು ಅದು. ಅರವತ್ತು ದಾಟಿದರೂ ಜಂಬಮ್ಮನೇ ಅದರ ಮುಂದಾಳು. ಇಂಥ ದಿನ ಇಂಥವರ ಗದ್ದೆ ಅಂತ ಅವಳು ಒಂದು ಸಲ ಹೇಳಿದಳೆಂದರೆ ಮುಗಿಯಿತು. ಮಳೆ ಬರಲಿ, ಮನೆಗೆ ನೆಂಟರು ಬರಲಿ, ಆ ದಿನ ಆ ಗದ್ದೆಯಲ್ಲಿ ನಾಟಿ ಆಗಿಯೇ ತೀರುತ್ತದೆ.

ಅವಳೂ ನಾನೂ ಕರೂರಿನ ಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತವರು. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟೆ, ಅವಳು ಆರನೆಯದಕ್ಕೆ. ನನ್ನನ್ನು ಬಳ್ಳಾರಿಯ ಕೌಲ್ ಬಜಾರಿಗೆ ಕೊಟ್ಟರು, ಅವಳನ್ನು ಊರಲ್ಲೇ ಕೊಟ್ಟರು. ಅವಳು ಸಾಲೆ ಬಿಟ್ಟದ್ದು ಓದು ಹತ್ತಲಿಲ್ಲ ಅಂತಲ್ಲ. ಅವರವ್ವನಿಗೆ ಸೊಂಟ ಹಿಡಿದು ಬಗ್ಗಲು ಆಗದೆ ಹೋಯಿತು. ನಾಟಿಯ ಸಾಲಿನಲ್ಲಿ ಆ ಜಾಗಕ್ಕೆ ಯಾರಾದರೂ ಇಳಿಯಬೇಕಿತ್ತು. ಹನ್ನೆರಡು ವರ್ಷದ ಹುಡುಗಿ ಎರಡು ಜಡೆಯನ್ನೂ ಸೇರಿಸಿ ಗಂಟು ಹಾಕಿ ಕೆಸರಿಗೆ ಇಳಿದಳು.

ನಾಟಿ ತಿಂಗಳು ಬಂತೆಂದರೆ ನಮ್ಮ ಸಾಲೆಯೇ ಬರಿದಾಗುತ್ತಿತ್ತು. ಆಗ ವಿರೂಪಾಕ್ಷಿ ಮೇಷ್ಟ್ರು ಅಂತ ಇದ್ದರು. ಅವರು ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಗದ್ದೆಗೇ ಬರುತ್ತಿದ್ದರು. ಬದುವಿನ ಮೇಲೆ ಕೊಡೆ ಹಿಡಿದು ನಿಂತು ಒಬ್ಬೊಬ್ಬರ ಹೆಸರು ಕೂಗುವರು. ಸುಮ್ಮನೆ ಹಾಜರಿ ಕೊಡುವ ಮನುಷ್ಯರಲ್ಲ, ಮಗ್ಗಿ ಕೇಳುವರು. ಕೆಸರಿನಲ್ಲಿ ನಿಂತೇ ಮಗ್ಗಿ ಒಪ್ಪಿಸಿದವರಿಗೆ ಹಾಜರಿ, ತಪ್ಪಿದವರಿಗೆ ಇಲ್ಲ. ಜಂಬಮ್ಮನಿಗೆ ಒಂದು ದಿನವೂ ತಪ್ಪಲಿಲ್ಲ. ಸಾಲೆಯ ಪುಸ್ತಕದಿಂದ ಅವಳ ಹೆಸರು ಹೊಡೆದ ಮೇಲೂ ಮೇಷ್ಟ್ರು ಎರಡು ವರ್ಷ ಆ ಬದುವಿಗೆ ಬಂದು ಅವಳಿಗೆ ಇಪ್ಪತ್ತರ ಮಗ್ಗಿಯವರೆಗೂ ಕಲಿಸಿದರು. ಬೇರೆ ಗುಂಪಿನ ಹೆಣ್ಣುಮಕ್ಕಳು ಹಾಡು ಹೇಳುತ್ತಾ ಸಸಿ ಹಚ್ಚುತ್ತಾರೆ. ಜಂಬಮ್ಮನ ಗುಂಪು ಇವತ್ತಿಗೂ ಮಗ್ಗಿ ಹೇಳುತ್ತಾ ಹಚ್ಚುತ್ತದೆ. ಸಾಲೆಯ ಮೆಟ್ಟಿಲು ಹತ್ತದ ಸೊಸೆಯರಿಗೂ ಹದಿನೇಳರ ಮಗ್ಗಿ ಬಾಯಿಗೆ ಬರುತ್ತದೆ ಅಂದರೆ ನೀವು ನಂಬಬೇಕು.

ಹೀಗಿರುವಾಗ ಈ ವರ್ಷ ಹಂಪೇಶನಿಗೆ ಒಂದು ಹುಕಿ ಹತ್ತಿತು. ಅವನೂ ನಮ್ಮ ಜೊತೆಯವನೇ. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆಗಿ ಬಳ್ಳಾರಿಯಲ್ಲಿದ್ದಾನೆ. ಹಳೇ ಸಾಲೆಯವರ ನಂಬರು ಒಂದೊಂದೇ ಹುಡುಕಿ, ಎಲ್ಲರೂ ಒಂದು ದಿನ ಸೇರಬೇಕು ಅಂತ ಹೊರಟ. ಬಳ್ಳಾರಿಯವರಿಗೂ ಸಿರುಗುಪ್ಪದವರಿಗೂ ನಡುವೆ ಆಗುತ್ತದೆ ಅಂತ ಕುರುಗೋಡು ಗೊತ್ತಾಯಿತು. ಅಲ್ಲಿ ನಮ್ಮ ಚನ್ನಬಸವರಾಜನ ಬಟ್ಟೆ ಅಂಗಡಿ ಇದೆ, ಮೇಲೆ ದೊಡ್ಡ ಕೋಣೆ ಇದೆ. ಆಗಸ್ಟಿನ ಒಂದು ಭಾನುವಾರ ಅಂತ ಹಂಪೇಶ ಎಲ್ಲರ ಫೋನಿಗೂ ಬರೆದು ಹಾಕಿದ, ಎಲ್ಲರೂ ಹೂಂ ಅಂದರು. ನಾನೂ ಹೂಂ ಅಂದೆ.

ಜಂಬಮ್ಮನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಅದಕ್ಕೆ ಈ ಸುದ್ದಿಯನ್ನೆಲ್ಲಾ ನಾನೇ ಮುಟ್ಟಿಸುತ್ತಿದ್ದೆ. ವಾರಕ್ಕೆ ಎರಡು ಸಲ ಅವಳೇ ಫೋನು ಮಾಡುವಳು.

"ದಾಕ್ಷಾಯಣಿ ಬರ್ತಾಳೇನು? ಇನ್ನೂ ಎಡಗೈಲೇ ಬರಿತಾಳೇನು? ಚನ್ನಬಸವರಾಜ ದಪ್ಪ ಆಗ್ಯಾನಂತ, ಖರೇವೇನು?"

"ಬಂದು ನೀನ ನೋಡಬೇ," ಅಂದೆ ಒಂದು ದಿನ.

"ಸಾಲಿ ಬಿಟ್ಟ ದಿನ ಯಾರಿಗೂ ಹೋಗಿ ಬರ್ತೀನಿ ಅನ್ನಲಿಲ್ಲ ನಾನು. ಒಂದ್ಸಲ ಎಲ್ಲಾರ ಜೋಡಿ ಕುಂತು ಉಣ್ಣಬೇಕು ಹೊನ್ನೂರಿ. ಅಷ್ಟು ಆದ್ರ ಸಾಕು," ಅಂದಳು.

ಮೂರು ದಿನ ಮುಂಚೆ ಮತ್ತೆ ಫೋನು ಬಂತು. ಈ ಸಲ ದನಿ ಸಣ್ಣದಾಗಿತ್ತು. ಕಾಲುವೆಗೆ ನೀರು ತಡವಾಗಿ ಬಂದಿದ್ದರಿಂದ ಮೈಲಾರಲಿಂಗಪ್ಪನ ಗದ್ದೆಯ ನಾಟಿ ಸರಿದು ಸರಿದು ಆ ಭಾನುವಾರಕ್ಕೇ ಬಂದು ಕೂತಿತ್ತು.

"ಸಸಿ ಕಿತ್ತು ಸೂಡು ಕಟ್ಟೀವಿ. ನೀರು ಐತಾರ ಸಂಜಿತನ ಅಷ್ಟ, ಆಮ್ಯಾಲೆ ಕೆಳಗಿನ ಊರಿಗೆ ಬಿಡ್ತಾರ. ಮಾತು ಕೊಟ್ಟೀನಿ."

"ಗುಂಪಿನಾಗ ಬ್ಯಾರೆ ಯಾರಿಗಾರ ವಹಿಸಿ ಬಾರಬೇ, ಒಂದು ದಿನ."

"ಮೊದಲ ಇಬ್ಬರಿಲ್ಲ. ಒಬ್ಬಾಕಿ ಮಗಳ ಬಾಣಂತನಕ್ಕ ಹೋಗ್ಯಾಳ, ಒಬ್ಬಾಕಿಗೆ ಜ್ವರ. ನಾನೂ ಬಿಟ್ರ ಒಂಬತ್ತು ಮಂದಿ. ಸಂಜಿಗೆ ಮುಗಿಯಂಗಿಲ್ಲ. ನೀ ಹೋಗಿ ಬಾ. ಯಾರು ಏನು ಮಾತಾಡಿದ್ರು ಅಂತ ಒಂದೂ ಬಿಡದಂಗ ಕೇಳಿಸ್ಕೊಂಡು ಬಂದು ನನಗ ಹೇಳು."

ಭಾನುವಾರ ಕುರುಗೋಡಿನಲ್ಲಿ ಹದಿನೇಳು ಜನ ಸೇರಿದೆವು. ಮೊದಲು ಯಾರಿಗೂ ಯಾರ ಗುರುತೂ ಹತ್ತಲಿಲ್ಲ. ಆಮೇಲೆ ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ಏನಾಗಿ ರಿಟೈರ್ ಆದೆ ಅಂತ ಹೇಳಿದರು. ದಾಕ್ಷಾಯಣಿ ನರ್ಸ್ ಆಗಿದ್ದಳು. ಮಂಡಕ್ಕಿ ಒಗ್ಗರಣೆ ತಿನ್ನುತ್ತಾ ಮಾತು ಶುರುವಾಯಿತು. ಕಾಲುವೆಗೆ ಹಾರಿ ಚಡ್ಡಿ ಕಳೆದುಕೊಂಡವನು ಯಾರು, ಶುಕ್ರವಾರ ಸರಸ್ವತಿ ಪೂಜೆಗೆ ತಂದ ಕೊಬ್ಬರಿಯನ್ನು ಪೂಜೆಗೆ ಮುಂಚೆಯೇ ತಿಂದವರು ಯಾರು, ಅಂತ ಜಗಳ. ಎಲ್ಲ ಬೆರಳೂ ಚನ್ನಬಸವರಾಜನ ಕಡೆಗೇ ತಿರುಗಿದವು.

"ನಾ ಒಬ್ಬನ ತಿಂದಿಲ್ರಪಾ! ಜಂಬಿಗೂ ಕೊಟ್ಟೀನಿ, ಆಕಿನ್ನ ಕೇಳ್ರಿ!" ಅಂದ ಅವನು. ಆಗ ಹಂಪೇಶ ಸುತ್ತಲೂ ನೋಡಿ, "ಲೇ ಹೌದಲ್ಲ, ಜಂಬಿ ಎಲ್ಲಿ?" ಅಂದ.

ನಾನು ಹೇಳಿದೆ. ಅವನು ನನ್ನ ಫೋನಿನಿಂದಲೇ ಅವಳಿಗೆ ಹಚ್ಚಿಸಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟ. ಯಾರೋ ಹುಡುಗಿ ಎತ್ತಿದಳು. "ಅತ್ತಿ ಕೈ ಕೆಸರಾಗೈತ್ರಿ, ತಡೀರಿ," ಅಂದಳು. ಅವಳ ಹಿಂದೆ ಹೆಂಗಸರ ದನಿ ಒಂದೇ ಸಮ ಬರುತ್ತಿತ್ತು: "ಹದಿನಾಕೊಂದ್ಲ ಹದಿನಾಕು, ಹದಿನಾಕೆರಡ್ಲ ಇಪ್ಪತ್ತೆಂಟು..."

ಅವಳ ಕೆಲಸ ಕೆಡಿಸಬಾರದು ಅಂತ ಹಂಪೇಶ ಫೋನು ಇಟ್ಟುಬಿಟ್ಟ.

ದಾಕ್ಷಾಯಣಿ ಅವನ ಕಡೆ ತಿರುಗಿದಳು. "ಇದು ಯಾವ ತಿಂಗಳಲೇ ಹಂಪೇಶಾ?"

"ಆಗಸ್ಟು."

"ಆಗಸ್ಟಿನಾಗ ನಮ್ಮ ಸಾಲ್ಯಾಗ ಯಾರು ಇರ್ತಿದ್ರು?"

ಹಂಪೇಶ ತಲೆ ಕೆರೆದುಕೊಂಡ. ನೀರಾವರಿ ಊರಲ್ಲಿ ಹುಟ್ಟಿ, ಗಂಜಿಯಿಂದ ಹಿಡಿದು ಅನ್ನದವರೆಗೂ ಅದೇ ನೆಲ್ಲು ತಿಂದು ಬೆಳೆದ ನಾವು ಹದಿನೇಳು ಜನ, ನಾಟಿ ತಿಂಗಳನ್ನೇ ಮರೆತು ದಿನ ಗೊತ್ತು ಮಾಡಿದ್ದೆವು. ನನಗಂತೂ ನಾಚಿಕೆಯಾಯಿತು.

"ಎಲ್ಲಾರೂ ಹೂಂ ಅಂದ್ರಲ್ರೀ," ಅಂತ ಹಂಪೇಶ ಗೊಣಗಿದ. ಚನ್ನಬಸವರಾಜ ಎದ್ದು ನಿಂತ. "ಅಡಿಗಿ ಎಲ್ಲಾ ಟ್ರ್ಯಾಕ್ಸಿಗೆ ಹಾಕಿಸ್ತೀನಿ, ನಡೀರಿ. ಆಕಿ ಬರಲಿಲ್ಲಂದ್ರ ನಾವ ಹೋಗೂನು."

ಒಂದು ಟ್ರ್ಯಾಕ್ಸ್, ಒಂದು ಕಾರು. ಹೋಳಿಗೆಯ ಬುಟ್ಟಿ ದಾಕ್ಷಾಯಣಿಯ ತೊಡೆಯ ಮೇಲೆ, ಚಿತ್ರಾನ್ನದ ಡಬರಿ ನನ್ನ ಕಾಲ ಬಳಿ. ಸಿರುಗುಪ್ಪ ದಾಟಿ ಕರೂರಿನ ಗದ್ದೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಜಂಬಮ್ಮ ಬಗ್ಗಿದವಳು ಎದ್ದು ನಿಂತು, ಕಣ್ಣಿಗೆ ಮೊಣಕೈ ಅಡ್ಡ ಹಿಡಿದು ನೋಡಿದಳು. ಎತ್ತಿ ಕಟ್ಟಿದ ಸೀರೆಯನ್ನು ಕೆಸರಲ್ಲೇ ಕೆಳಗೆ ಬಿಟ್ಟಳು. ನೆರಿಗೆಯೆಲ್ಲಾ ನೆನೆದುಹೋಯಿತು.

"ಬರ್ರೀ ಚನ್ನಬಸವರಾಜಪ್ಪಾರ, ಆರಾಮದೀರೇನ್ರೀ? ದಾಕ್ಷಾಯಣಮ್ಮಾರ, ಬಿಸಲಾಗ ಯಾಕ ಬಂದ್ರಿ?" ಅಂದಳು. ಹೀಗೆ ಎಲ್ಲರಿಗೂ ಬಹುವಚನ ಹಚ್ಚಿದಳು. ನನಗದು ಸರಿ ಕಾಣಲಿಲ್ಲ. ಅವರಿಗೂ ಸರಿ ಕಾಣಲಿಲ್ಲ ಅಂತ ಮುಖ ನೋಡಿದರೆ ತಿಳಿಯುತ್ತಿತ್ತು.

ಹಂಪೇಶ ಪ್ಯಾಂಟು ಮಡಚತೊಡಗಿದ. "ನಾವೂ ಇಳೀತೀವಿ ಜಂಬಮ್ಮ. ಲಗೂ ಮುಗಿಸಿ ಎಲ್ಲಾರೂ ಕೂಡಿ ಉಣ್ಣೂನು."

"ಬ್ಯಾಡ್ರಿ," ಅಂದಳು ಅವಳು. ಮಾತಿನಲ್ಲಿ ನಗುವಿರಲಿಲ್ಲ. "ಇದು ಆಟ ಅಲ್ಲ. ನೀವು ತುಳಿದು ಹೋಗ್ತೀರಿ, ನಾಳಿಗೆ ಮೈಲಾರಲಿಂಗಪ್ಪಗ ನಾ ಏನು ಹೇಳ್ಲಿ? ಇನ್ನೂ ಒಂದೂವರಿ ಎಕರೆ ಐತಿ. ನೀವು ಉಂಡು ಹೋಗ್ರಿ, ನಾ ಬರಾಕಾಗಲ್ಲ."

ಹೋಳಿಗೆಯ ಬುಟ್ಟಿ ಹಿಡಿದು ಬದುವಿನ ಮೇಲೆ ಸಾಲಾಗಿ ನಿಂತೆವು. ನಮ್ಮನ್ನು ಹಾಗೆ ನೋಡಿ ಅವಳಿಗೆ ಏನನ್ನಿಸಿತೋ, ಸೊಂಟದ ಮೇಲೆ ಕೈಯಿಟ್ಟು ಅಂದಳು:

"ಆತು. ಹದಿನೇಳರ ಮಗ್ಗಿ ಹೇಳ್ರಿ. ತಪ್ಪದಂಗ ಹೇಳಿದಾರು ಇಳೀರಿ. ತಪ್ಪಿದಾರು ಬದುವಿನ ಮ್ಯಾಲೆ."

ಹಂಪೇಶ ಐದಕ್ಕೆ ಎಂಬತ್ತೈದು ಅಂದವನು ಆರಕ್ಕೆ ನಿಂತ. ಚನ್ನಬಸವರಾಜ, "ಹದಿನೇಳ್ಮೂರ್ಲ... ಏ ತಡೀ, ಅಂಗಡ್ಯಾಗ ಲೆಕ್ಕದ ಮಿಷನ್ ಐತಲ್ಲ ನನಗ," ಅಂತ ಬೆವರಿದ. ಕೆಸರಲ್ಲಿದ್ದ ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ದಾಕ್ಷಾಯಣಿ ಕಣ್ಣು ಮುಚ್ಚಿಕೊಂಡು, ಎಡಗೈ ಬೆರಳು ಮಡಚುತ್ತಾ ಹತ್ತರವರೆಗೂ ಹೇಳಿಬಿಟ್ಟಳು. ಅವಳ ಬೆನ್ನಿಗೆ ಇನ್ನೂ ನಾಲ್ವರು ಹೆಂಗಸರು ಹೇಳಿದರು. ನಾನು ನಾಲ್ಕನೇ ಕ್ಲಾಸಿನವಳು, ಹತ್ತರ ಮಗ್ಗಿ ದಾಟಿದವಳಲ್ಲ. ಆದರೆ ಜಂಬಮ್ಮ ನನ್ನನ್ನು ಕೇಳಲೇ ಇಲ್ಲ, ಕೈ ಹಿಡಿದು ಇಳಿಸಿಕೊಂಡಳು.

"ನಪಾಸಾದ ಗಂಡಸರು ಸೂಡು ಹೊರ್ರಿ," ಅಂದಳು. ಸಸಿಯ ಕಂತೆ ತಂದು ಕೈಗೆ ಸಿಗುವಲ್ಲಿ ಎಸೆಯುವ ಕೆಲಸ ಅದು. ಹೊತ್ತರು ಪಾಪ. ಹಂಪೇಶ ನಲವತ್ತು ವರ್ಷ ಕರೆಂಟ್ ಕಂಬ ಹತ್ತಿದವನು, ಗೇಣಗಲದ ಬದುವಿನ ಮೇಲೆ ನಡೆಯಲಾರದೆ ಮೂರು ಸಲ ಕೂತ. ಚನ್ನಬಸವರಾಜ ಬಿಳಿ ಪಂಚೆ ಮೇಲೆ ಕಟ್ಟಿ, ಒಂದೇ ಸಲಕ್ಕೆ ನಾಲ್ಕು ಸೂಡು ಹೊತ್ತು, ಗದ್ದೆಯ ನಡುವೆ ಬಂದು ಧೊಪ್ಪನೆ ಬಿದ್ದ.

"ಲೇ ಚನ್ನಬಸ್ಯಾ! ಸಸಿ ಮ್ಯಾಲೆ ಬಿದ್ದೀ, ಏಳಲೇ!"

ಜಂಬಮ್ಮನ ಬಾಯಿಂದ ಹಾಗೆ ಬಂದುಬಿಟ್ಟಿತು. ಅವಳೇ ಗಾಬರಿಯಾಗಿ ನಾಲಿಗೆ ಕಚ್ಚಿಕೊಂಡಳು. ಕೆಸರಲ್ಲಿ ಕೂತ ಚನ್ನಬಸವರಾಜನ ಮುಖದ ತುಂಬಾ ನಗು.

"ಈಗ ಬಂದಿ ನೋಡು ನಮ್ಮ ಜಂಬಿ. ಬಂದಾಗಿಂದ ಅಪ್ಪಾರ ಅಪ್ಪಾರ ಅಂತಿದ್ದೀ, ನನಗೇನು ಹೆಣ್ಣು ಕೊಡಾಕ ಬಂದೀಯೇನು?"

ಅಲ್ಲಿಂದಾಚೆ ಯಾರಿಗೂ ಬಹುವಚನವಿಲ್ಲ. ಅವಳ ಬಾಯಿಂದ ತಪ್ಪಿಸಿಕೊಂಡವರೂ ಇಲ್ಲ. ಒಬ್ಬಳು ಮರೆತು ಮುಂದೆ ಹೆಜ್ಜೆಯಿಟ್ಟು ಹಚ್ಚಿದ್ದನ್ನೇ ತುಳಿದಳು. "ಹಿಂದಕ ಬಾರಬೇ, ಹಿಂದಕ! ಸಸಿ ಹಚ್ಚಾಕಿ ಹಿಂದಕ ಸರೀಬೇಕು. ಮುಂದಕ ಹೋಗಾಕ ಇದೇನು ಮದಿವಿ ಮೆರವಣಿಗೇನು?" ದಾಕ್ಷಾಯಣಿ ಮಾತ್ರ ಸೂಜಿ ಚುಚ್ಚಿದ ಹಾಗೆ ಒಂದೊಂದೇ ಸಸಿ ಅಳತೆ ನೋಡಿ ಊರುತ್ತಿದ್ದಳು. "ಅದಕ್ಕೇನು ನೋವಾಗಲ್ಲಬೇ, ಲಗೂ ಊರು!" ಅಂತ ಅವಳಿಗೂ ಬಿತ್ತು. ಬಗ್ಗಿಕೊಂಡೇ ಊರ ಮಾತು, ಸಾಲೆಯ ಮಾತು. ಕುರುಗೋಡಿನ ಕೋಣೆಯಲ್ಲಿ ಅರ್ಧಕ್ಕೆ ಬಿಟ್ಟ ಕೊಬ್ಬರಿಯ ಜಗಳವೂ ಅಲ್ಲೇ ತೀರಿತು.

"ಕೊಟ್ಟಿದ್ದ ಖರೇ," ಅಂದಳು ಜಂಬಮ್ಮ. "ಆದ್ರ ನೆಕ್ಕಿ ಕೊಟ್ಟಿದ್ದ."

ನಗೆಗೆ ಗದ್ದೆಯ ಕೊಕ್ಕರೆಗಳೆಲ್ಲಾ ಎದ್ದು ಹಾರಿದವು.

ಮೂರು ದಾಟಿ ಸ್ವಲ್ಪ ಹೊತ್ತಿಗೆ ಕೊನೆಯ ಸೂಡು ಬಿಚ್ಚಿ ಹಚ್ಚಿದೆವು. ನೀರು ಇನ್ನೂ ಹರಿಯುತ್ತಲೇ ಇತ್ತು. ಅಷ್ಟರಲ್ಲಿ ಗದ್ದೆಯ ಯಜಮಾನ ಮೈಲಾರಲಿಂಗಪ್ಪ ಬೈಕಿನಿಂದ ಇಳಿದು ಬದುವಿಗೆ ಬಂದ. ಒಂದು ಕಡೆ ಬೈತಲೆಯಂಥ ಸಾಲು. ಇನ್ನೊಂದು ಕಡೆ ನಮ್ಮದು. ಬಹಳ ಹೊತ್ತು ನೋಡಿದ.

"ಜಂಬಕ್ಕಾ, ಇದೇನಿದು, ಎತ್ತು ಉಚ್ಚಿ ಹೊಯ್ದಂಗ ಆಗೈತಿ?"

ನಾವು ಒಬ್ಬರ ಹಿಂದೆ ಒಬ್ಬರು ಸರಿದೆವು. ಜಂಬಮ್ಮ ಕಾಲುವೆಯಲ್ಲಿ ಕೈ ತೊಳೆಯುತ್ತಾ ತಿರುಗಿ ನೋಡಿದಳು.

"ಅದು ಸಾಲಿ ಕಲ್ತಾರು ಹಚ್ಚಿದ್ದಪ್ಪ. ಬೇರು ನೆಲಕ್ಕ ಐತಿ, ನಾ ನೋಡೀನಿ. ಸಾಲು ಸೊಟ್ಟ ಆದ್ರ ತೆನಿ ಸೊಟ್ಟ ಬರಲ್ಲ. ಆದ್ರೂ ಎಲ್ಲೆರ ಒಂದು ಸಸಿ ತೇಲಿದ್ರ ನಾಳಿಗೆ ನಾ ಬಂದು ಊರ್ತೀನಿ, ಚಿಂತಿ ಬಿಡು. ಬಾ, ಹೋಳಿಗಿ ಉಣ್ಣು."

ಅವನು ನಕ್ಕು, ಚಪ್ಪಲಿ ಬಿಟ್ಟು ಕೂತ.

ಕಾಲುವೆಯ ಏರಿಯ ಮೇಲೆ, ಬೇವಿನ ನೆರಳಲ್ಲಿ ಪಂಕ್ತಿಯಾಯಿತು. ನಾವು ಹದಿನೇಳು, ಅವಳ ಗುಂಪಿನ ಹತ್ತು ಜನ, ಮೈಲಾರಲಿಂಗಪ್ಪ. ರೊಟ್ಟಿ, ಬದನೆಕಾಯಿ ಪಲ್ಯ, ಚಿತ್ರಾನ್ನ, ಹೋಳಿಗೆ. ಜಂಬಮ್ಮನನ್ನು ನಡುವೆ ಕೂರಿಸಿದೆವು. ಮೊದಲ ತುತ್ತು ಬಾಯಿಗಿಡುವ ಮುಂಚೆ ಅವಳು ಆ ಕಡೆಯಿಂದ ಈ ಕಡೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನೋಡಿ ಮುಗಿದ ಮೇಲೆ ಉಂಡಳು.

"ನಾವೆಲ್ಲಾ ಏನಾಗಿ ರಿಟೈರ್ ಆದಿವಿ ಅಂತ ಮುಂಜಾನೆ ಹೇಳೀವಿ. ನೀನೂ ಎದ್ದು ನಿಂತು ಹೇಳು," ಅಂದ ಹಂಪೇಶ.

"ನಾ ಎಲ್ಲಿ ರಿಟೈರ್ ಆಗೀನಿ? ಬುಧವಾರ ಇನ್ನೊಬ್ಬರ ಗದ್ದಿ ಐತಿ," ಅಂದಳು ಅವಳು, ಎರಡನೇ ಹೋಳಿಗೆಗೆ ಕೈ ಚಾಚುತ್ತಾ.

ಹೊರಡುವ ಹೊತ್ತಿಗೆ ಹಂಪೇಶ ಫೋನು ತೆಗೆದು, "ಬರೋ ವರ್ಷನೂ ಆಗಸ್ಟಿನಾಗ..." ಅಂತ ಬಾಯಿ ತೆರೆದ. ನಾಲ್ಕು ಕಡೆಯಿಂದ ಕೆಸರಿನ ಹೆಂಟೆ ಅವನ ಮೇಲೆ ಬಿದ್ದವು.

"ದಿನ ನಾ ಹೇಳ್ತೀನಿ, ಬರಕೋ," ಅಂದಳು ಜಂಬಮ್ಮ. "ಬಸವ ಜಯಂತಿ ಆದಮ್ಯಾಲೆ ಬರೋ ಐತಾರ. ಆಗ ಕಾಲುವಿ ನಿಂತಿರತೈತಿ, ಗದ್ದಿ ಒಣಗಿರತೈತಿ, ನಮಗ ಯಾರ ಕೆಲಸನೂ ಇರಲ್ಲ. ಕುರುಗೋಡಿಗೇ ಬರ್ತೀನಿ, ಚನ್ನಬಸ್ಯಾನ ಅಂಗಡಿಗೆ."

ಚನ್ನಬಸವರಾಜ ಕೆಸರಿನ ಪಂಚೆ ಹಿಂಡುತ್ತಿದ್ದವನು ಗಾಬರಿಯಾದ. "ಅಯ್ಯೋ, ಅದು ಮದಿವಿ ಸೀಸನ್ ಬೇ! ಅಂಗಡ್ಯಾಗ ಕಾಲಿಡಾಕ ಜಾಗ ಇರಲ್ಲ. ಸೀರಿ ಬಿಚ್ಚಿ ಬಿಚ್ಚಿ ಹಾಕಿ ಹೋಗ್ತಾರ, ಮಡಚಾಕ ಮಂದಿ ಸಿಗಲ್ಲ ನನಗ."

ಜಂಬಮ್ಮ ಒಂದು ಗಳಿಗೆ ಯೋಚಿಸಿದಳು. ಆಮೇಲೆ ತನ್ನ ಗುಂಪಿನ ಹುಡುಗಿಯರ ಕಡೆಗೂ ನಮ್ಮ ಕಡೆಗೂ ನೋಡಿ ಅಂದಳು:

"ಹಂಗಾರ ಇನ್ನೂ ಚಲೋ ಆತು. ಎಲ್ಲಾರೂ ಬಂದು ಸೀರಿ ಮಡಚತೀವಿ ತಗಾ. ಆದ್ರ ಮಡಿಕಿ ಸೊಟ್ಟ ಅಂತ ಯಾರಿಗೂ ಬೈಯಂಗಿಲ್ಲ."