ಕತ್ತು ಬಿಗಿಯಾದ ಸ್ವೆಟರುಗಳು

ನಮ್ಮ ಕಂಪಲಾಪುರದ ಕಡೆ ಆಗ ಯಾರ ಮನೆಗೆ ಟೀವಿ ಬಂದರೂ ಹಿಂದೆಯೇ ಅದಕ್ಕೊಂದು ಉಲ್ಲನ್ ಹೊದಿಕೆ ಬರುತ್ತಿತ್ತು. ಬಾಗಿಲಿಗೆ ಉಲ್ಲನ್ ತೋರಣ, ಕುರ್ಚಿಯ ಬೆನ್ನಿಗೆ ಕ್ರೋಷಾ ಬಟ್ಟೆ, ನೀರಿನ ಚೊಂಬು ಮುಚ್ಚಲು ಅಂಚಿಗೆ ಮಣಿ ಕಟ್ಟಿದ ಬಟ್ಟೆ. ಊರಿನಲ್ಲಿದ್ದ ಇಂಥವುಗಳಲ್ಲಿ ಅರ್ಧಕ್ಕೂ ಹೆಚ್ಚು ನನ್ನ ಕೈಯಲ್ಲಿ ಆದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಹಳ ವರ್ಷ ಇದನ್ನು ಹೇಳುವುದಕ್ಕೆ ನನ್ನನ್ನು ಬಿಟ್ಟಿರಲಿಲ್ಲ.

ನನಗೆ ಕಲಿಸಿದವರು ಆಸ್ಪತ್ರೆಯ ನರ್ಸಮ್ಮ. ಕೇರಳದ ಕಡೆಯವರು, ಕನ್ನಡವನ್ನು ತಮ್ಮ ಭಾಷೆಯ ಜೊತೆ ಕಲಸಿ ಮಾತಾಡುತ್ತಿದ್ದರು, ಮಗಳೇ ಅನ್ನುವುದಕ್ಕೆ ಮೋಳೇ ಅನ್ನುತ್ತಿದ್ದರು. ಕಲಿಸುವುದಕ್ಕೆ ಅವರದೊಂದು ಕರಾರಿತ್ತು: ಮನೆಗೆಂದು ಒಂದು ಹಾಕಿದರೆ, ಆಸ್ಪತ್ರೆಯಲ್ಲಿ ಹುಟ್ಟುವ ಮಗುವಿಗೆಂದು ಒಂದು ಕುಲಾವಿ ಹಾಕಿಕೊಡಬೇಕು. ನಾನು ಕಲಿತದ್ದು ಹೊಗೆಸೊಪ್ಪಿನ ಕಾಲದಲ್ಲಿ. ಬೆಳಗಿನಿಂದ ಕಡ್ಡಿಗೆ ಸೊಪ್ಪು ಕಟ್ಟಿ ಕಟ್ಟಿ ಅಂಗೈಯೆಲ್ಲ ಕಪ್ಪು ಅಂಟು. ಎಷ್ಟು ತೊಳೆದರೂ ಅದು ಉಗುರಿನ ಸಂದಿಯಲ್ಲಿ ಕೂತೇ ಇರುತ್ತಿತ್ತು. ನನ್ನ ಮೊದಲ ಬಿಳಿ ಕುಲಾವಿಯ ತುಂಬ ಹೆಬ್ಬೆರಳಿನ ಗುರುತು.

"ಮೋಳೇ, ಇದು ಕುಲಾವಿಯೋ ಹೊಗೆಸೊಪ್ಪೋ?" ಎಂದು ನರ್ಸಮ್ಮ ಮೂಸಿ ನೋಡಿದರು. ಆಮೇಲೆ ಅದನ್ನೇ ಅವತ್ತು ಹುಟ್ಟಿದ ಒಂದು ಮಗುವಿನ ತಲೆಗೆ ಹಾಕಿದರು. ಅದು ಕಣ್ಣು ಮುಚ್ಚಿಕೊಂಡೇ ಆಕಳಿಸಿತು. ನನಗೆ ಅಷ್ಟು ಸಾಕಾಯಿತು. ಅಂದಿನಿಂದ ಉಲ್ಲನ್ ಮುಟ್ಟುವ ಮೊದಲು ಹುಣಸೆಹಣ್ಣು ಹಾಕಿ ಕೈ ತಿಕ್ಕುವುದು ಕಲಿತೆ.

ನನಗೆ ಮದುವೆಯಾಗಲಿಲ್ಲ. ಅದಕ್ಕೆ ಕಾರಣ ಜಾತಕವೂ ಅಲ್ಲ, ಬಣ್ಣವೂ ಅಲ್ಲ, ಬಾಯಿ. ಹೆಣ್ಣು ನೋಡಲು ಬಂದ ಹುಡುಗನ ಅಪ್ಪ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕೇಳುತ್ತಲೇ ಹೋದರು. ಮುದ್ದೆ ಕಟ್ಟೋಕೆ ಬತ್ತದಾ? ಹಾಲು ಕರೆಯೋಕೆ ಬತ್ತದಾ? ಕಸೂತಿ ಬತ್ತದಾ? ಎಲ್ಲಕ್ಕೂ ಬತ್ತದೆ ಅಂದೆ. ಕೊನೆಗೆ ನಾನೂ ಕೇಳಿದೆ: "ನಿಮ್ಮ ಹುಡುಗಂಗೆ ಏನೇನ್ ಬತ್ತದೆ?"

ಕಾಫಿ ಪೂರ್ತಿ ಕುಡಿಯದೆ ಎದ್ದು ಹೋದರು. ಆ ಮಾತು ನನಗಿಂತ ಮುಂಚೆ ಪಿರಿಯಾಪಟ್ಟಣ ಮುಟ್ಟಿತು, ಹುಣಸೂರು ಮುಟ್ಟಿತು. ಆಮೇಲೆ ಬಂದವರು ಕಡಿಮೆ, ಬಂದವರೂ ಮೊದಲೇ ಹೆದರಿಕೊಂಡು ಬಂದವರು. ಬೇಜಾರಾಗಲಿಲ್ಲವೇ ಅಂದರೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಪ್ರಶ್ನೆಯನ್ನು ಇವತ್ತು ಕೇಳು ಅಂದರೂ ಕೇಳುತ್ತೇನೆ.

ಹೀಗೆ ನಾನು ಅಣ್ಣನ ಮನೆಯಲ್ಲೇ ಉಳಿದೆ. ತಮಾಷೆಯೆಂದರೆ, ನನ್ನನ್ನು ಬೇಡವೆಂದ ಹೆಣ್ಣು ನೋಡುವ ಶಾಸ್ತ್ರಕ್ಕೆ ನಾನು ಹಾಕಿದ ಬಟ್ಟೆಗಳು ಇಲ್ಲದೆ ನಡೆಯುತ್ತಿರಲಿಲ್ಲ. ಊರಿನಲ್ಲಿ ಯಾರ ಮನೆಗೆ ಗಂಡಿನ ಕಡೆಯವರು ಬರುತ್ತಾರೆಂದರೂ ಬೆಳಿಗ್ಗೆಯೇ ಒಬ್ಬಳು ಬಂದು ನಿಲ್ಲುತ್ತಿದ್ದಳು. "ಅಕ್ಕಾ, ಸಾಯಂಕಾಲ ತಂದ್ ಕೊಟ್ಬುಡ್ತೀನಿ, ನಿನ್ನ ಟೀವಿ ಬಟ್ಟೆ ಕೊಡು." ಜೊತೆಗೆ ತೋರಣವೂ ಹೋಗುತ್ತಿತ್ತು. ಅಲ್ಲಿ ಹುಡುಗಿಯ ತಾಯಿ ಅದನ್ನು ತೋರಿಸಿ "ಎಲ್ಲ ನಮ್ಮ ಹುಡ್ಗೀನೇ ಹಾಕಿದ್ದು ಕಣ್ರೀ" ಎನ್ನುವುದು ಪದ್ಧತಿ. ಒಂದೇ ದಿನ ನಮ್ಮೂರಲ್ಲಿ ಎರಡು ಹೆಣ್ಣು ನೋಡಲು ಬಂದವರೊಬ್ಬರು ಎರಡೂ ಮನೆಯ ಟೀವಿ ಬಟ್ಟೆಯ ಮೇಲೆ ನಾನು ಹಾಕಿದ ಅದೇ ಜೋಡಿ ಬಾತುಕೋಳಿಗಳನ್ನು ಕಂಡು, "ಇದೇನ್ರೀ, ಪಂಚಾಯ್ತಿಯವರು ಹಂಚಿದ್ರಾ?" ಎಂದು ಕೇಳಿದರಂತೆ. ನಾನು ನಕ್ಕೆ. ಪರರ ಮನೆಯ ಸುಳ್ಳು ನಗುವುದಕ್ಕೆ ಚೆನ್ನಾಗಿರುತ್ತದೆ.

ನಮ್ಮ ಮನೆಯ ಸರದಿ ಬಂದಾಗ ನಗು ಬರಲಿಲ್ಲ. ಅಣ್ಣನ ಮಗಳನ್ನು ನೋಡಲು ಕೆ.ಆರ್. ನಗರದ ಕಡೆಯಿಂದ ಬರುವವರಿದ್ದರು. ನೀರಾವರಿ ಗದ್ದೆಯವರು, ದೊಡ್ಡ ಜನ. ನಾನೇ ಎತ್ತಿ ಆಡಿಸಿದ ಹುಡುಗಿ ಅದು. ಓದುವುದರಲ್ಲಿ ಚುರುಕು, ಲೆಕ್ಕದಲ್ಲಿ ಚುರುಕು, ಉಲ್ಲನ್ ಕಡ್ಡಿ ಕೈಗೆ ಕೊಟ್ಟರೆ ಮಾತ್ರ ಕಿವಿ ಕೆರೆದುಕೊಳ್ಳುತ್ತಾ ಕೂರುತ್ತಿದ್ದಳು. ಅತ್ತಿಗೆ ಪಡಸಾಲೆಯ ತುಂಬ ನನ್ನ ಕೆಲಸವನ್ನೆಲ್ಲ ಹರಡಿದರು. ಆಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು.

"ನೀನು ಇತ್ತಲಲ್ಲೇ ಇದ್ಬುಡವ್ವ. ಮದ್ವೆ ಆಗ್ದಿರೋ ಅತ್ತೆ ಮನೇಲವ್ಳೆ ಅಂದ್ರೆ ಈ ಮನೆ ಹೆಣ್ಮಕ್ಕಳಲ್ಲಿ ಏನೋ ಐಬು ಐತೆ ಅಂದ್ಕೋತಾರೆ."

ನಾನು ಹಿತ್ತಲಿಗೆ ಹೋದೆ. ಹುಡುಗಿಗೋಸ್ಕರ ಹೋದೆ, ಐಬಿಗಲ್ಲ. ಒಗೆಯುವ ಕಲ್ಲಿನ ಮೇಲೆ ಕೂತವಳಿಗೆ ಒಳಗಿನ ಮಾತೆಲ್ಲ ಕೇಳುತ್ತಿತ್ತು. ನಾನು ಹಾಕಿದ ಶಾಲನ್ನು ಹುಡುಗಿಯ ಕೈಯಲ್ಲಿ ಗಂಡಿನ ತಾಯಿಗೆ ಕೊಡಿಸಿದರು. ಆಕೆ ಮೆಚ್ಚಿ ಮೆಚ್ಚಿ ಹೇಳಿದ್ದು, ನಮ್ಮತ್ತಿಗೆ "ಚಿಕ್ಕೋಳಿದ್ದಾಗಿಂದ ಅದೇ ಉಚ್ಚು ಇವ್ಳಿಗೆ" ಎಂದದ್ದು, ಎಲ್ಲ ಕೇಳಿತು. ಮದುವೆ ಗೊತ್ತಾಯಿತು.

ಸುಳ್ಳು ಮದುವೆಗೆ ನಿಲ್ಲಲಿಲ್ಲ. ಹುಡುಗಿಯ ಜೊತೆ ಅದೂ ಗಂಡನ ಮನೆಗೆ ಹೋಯಿತು. ಬೀಗಿತ್ತಿಗೆ ಸೊಸೆಯ ಕೈಕೆಲಸ ನಾಲ್ಕು ಜನಕ್ಕೆ ತೋರಿಸುವ ಆಸೆ. ನಾದಿನಿಯ ಮಗುವಿಗೆ ಸ್ವೆಟರ್, ಮಾವನಿಗೆ ಮಫ್ಲರ್, ನೆಂಟರ ಮನೆಯ ಗೃಹಪ್ರವೇಶಕ್ಕೆ ತೋರಣ. ಹುಡುಗಿ ಹಬ್ಬಕ್ಕೆ ಬಂದಾಗಲೆಲ್ಲ ಚೀಲದ ತುಂಬ ಉಲ್ಲನ್ ಉಂಡೆ ತರುತ್ತಿದ್ದಳು, ಮುಂದಿನ ಸಲ ಬಂದಾಗ ನಾನು ಹಾಕಿಟ್ಟದ್ದನ್ನು ಒಯ್ಯುತ್ತಿದ್ದಳು. ಅಲ್ಲಿ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು, ಯಾರಾದರೂ ನೋಡುತ್ತಿದ್ದರೆ ಕೈ ಓಡುವುದಿಲ್ಲ ಎಂದು ಹೇಳುತ್ತಿದ್ದಳಂತೆ.

"ಏಳ್ಬುಡು ಕಣೇ ನಿಜ್ವಾ," ಅಂದೆ ಒಮ್ಮೆ.

"ಈಗ ಎಂಗತ್ತೆ ಏಳ್ಲಿ? ಸುಳ್ಳೇಳಿ ಮದ್ವೆ ಮಾಡ್ಕೊಟ್ರು ಅಂತಾರೆ," ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ನನ್ನ ಕೆಲಸ ನನ್ನದು ಅನ್ನಿಸಿಕೊಳ್ಳಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಅದನ್ನು ಕೇಳಿದರೆ ಈ ಹುಡುಗಿ ಅತ್ತೆಮನೆಯಲ್ಲಿ ತಲೆ ತಗ್ಗಿಸಬೇಕು. ಈ ಎರಡರ ನಡುವೆ ಸಿಕ್ಕಿ ನಾನು ಎಷ್ಟು ಕುದಿದೆನೆಂದು ನನಗೇ ಗೊತ್ತು. ಕೋಪ ಬಂದ ದಿನ ಹೆಣಿಗೆ ಬಿಗಿಯಾಗುತ್ತದೆ. ಬಿಚ್ಚಿ ಮತ್ತೆ ಹಾಕಿದ್ದು ಎಷ್ಟೋ.

ಬೀಗಿತ್ತಿ ಅವರ ಕಡೆಯ ಹೆಂಗಸರ ಸಂಘಕ್ಕೆ ಅಧ್ಯಕ್ಷೆಯಾದರು. ಆ ವರ್ಷ ಎಚ್.ಡಿ. ಕೋಟೆಯ ಆಚೆ, ಕಾಡಂಚಿನ ಎನ್. ಬೇಗೂರಿನ ಹತ್ತಿರದ ಒಂದು ಹಾಸ್ಟೆಲ್ ಶಾಲೆಯ ಮಕ್ಕಳಿಗೆ ಸ್ವೆಟರ್ ಕೊಡುವುದೆಂದು ತೀರ್ಮಾನಿಸಿದರು. ಅಂಗಡಿಯದಲ್ಲ, ನಮ್ಮ ಸೊಸೆ ಕೈಯಾರೆ ಹಾಕಿದ್ದು ಎಂದು ಸಭೆಯಲ್ಲಿ ಹೇಳಿಯೂ ಬಿಟ್ಟರು. ಆ ಸಲ ಉಲ್ಲನ್ ಬಂದದ್ದು ಮೂಟೆಯಲ್ಲಿ.

ಅತ್ತಿಗೆ ನನಗೆ ಸೊಪ್ಪು ಕಟ್ಟುವ ಕೆಲಸ ಬಿಡಿಸಿ, ನನ್ನ ಬದಲು ಕೂಲಿಗೆ ಒಬ್ಬಳನ್ನು ಕರೆದರು. ಸುಳ್ಳಿಗೆ ನಮ್ಮ ಮನೆಯವರು ಅಷ್ಟು ಖರ್ಚು ಮಾಡುತ್ತಿದ್ದರು. ನಾನು ಅಡಕೆ ಮರದ ನೆರಳಲ್ಲೋ ಜಗಲಿಯಲ್ಲೋ ಎಂದು ಜಾಗ ಹುಡುಕದೆ, ಸೊಪ್ಪು ಒಣಗಿಸುವ ಬ್ಯಾರನ್ನಿನ ಗೋಡೆಗೆ ಒರಗಿ ಕೂತು ಹಾಕಿದೆ. ಮಕ್ಕಳ ಸ್ವೆಟರಿಗೆ ನಾನು ಯಾವಾಗಲೂ ಒಂದು ಭುಜವನ್ನು ಹೊಲಿಯದೆ ಬಿಟ್ಟು ಗುಂಡಿ ಇಡುವವಳು, ತಲೆ ಸುಲಭವಾಗಿ ತೂರಲಿ ಎಂದು. ಬೀಗಿತ್ತಿ ಗುಂಡಿ ಬೇಡ, ಮಕ್ಕಳು ಕಿತ್ತುಹಾಕುತ್ತವೆ, ನೋಡಲೂ ನೀಟಾಗಿರುವುದಿಲ್ಲ ಎಂದು ಹೇಳಿ ಕಳಿಸಿದರು. ಹೋಗಿ ಮಕ್ಕಳ ಅಳತೆ ನೋಡಿ ಬರುತ್ತೇನೆ ಅಂದೆ. ಅತ್ತಿಗೆ ಹೌಹಾರಿದರು.

"ನೀನ್ ಓಗಿ ಅಲ್ಲಿ ಬಾಯ್ ಬುಟ್ರೆ ನನ್ ಮಗಳ ಸಂಸಾರ ಎಕ್ಕುಟ್ಟೋಯ್ತದೆ ಕಣವ್ವ."

ಹಾಗಾಗಿ ಎತ್ತರ, ಎದೆಯ ಸುತ್ತು ಎಲ್ಲ ವಯಸ್ಸಿನ ಅಂದಾಜಿನ ಮೇಲೆ ಹಾಕಿದೆ. ಭುಜ ಎರಡನ್ನೂ ಹೊಲಿದು ಮುಚ್ಚಿದೆ.

ಹಂಚುವ ದಿನ ಯಾವುದೆಂದು ಗೊತ್ತಿತ್ತು. ಅತ್ತಿಗೆಗೆ ಹುಣಸೂರಿಗೆ ಹೋಗಿ ಬರುತ್ತೇನೆ ಎಂದು ಸುಳ್ಳು ಹೇಳಲಿಲ್ಲ, ಬೇಗೂರಿಗೇ ಹೋಗುತ್ತೇನೆ ಎಂದು ಹೇಳಿ, ಅವರು ತಡೆದರೂ ನಿಲ್ಲದೆ ಹೊರಟೆ. ನನ್ನ ಕೈಯಲ್ಲಿ ಆದದ್ದು ಮಕ್ಕಳ ಮೈಮೇಲೆ ಹೇಗೆ ಕಾಣುತ್ತದೆಂದು ನೋಡುವುದಕ್ಕೆ ನನಗೆ ಯಾರ ಅಪ್ಪಣೆ ಬೇಕು? ಹುಣಸೂರಲ್ಲಿ ಬಸ್ ಬದಲಿಸಿ, ಕೋಟೆಯ ಬಳಿ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಟೀ ಕುಡಿದು, ಬೇಗೂರಿನ ಬಸ್ ಹತ್ತಿದೆ. ಚೀಲದಲ್ಲಿ ಕತ್ತರಿ, ಸೂಜಿ, ಕ್ರೋಷಾ ಕಡ್ಡಿ ಇದ್ದವು. ಅವಿಲ್ಲದೆ ನಾನು ಎಲ್ಲಿಗೂ ಹೋಗುವವಳಲ್ಲ.

ನಾನು ಮುಟ್ಟುವ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಬ್ಯಾನರ್ ಕಟ್ಟಿತ್ತು, ಫೋಟೋದವನು ಬಂದಿದ್ದ. ಸಂಘದ ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ಕುರ್ಚಿಯ ಮೇಲೆ, ನಮ್ಮ ಹುಡುಗಿ ಅವರ ನಡುವೆ. ನನ್ನನ್ನು ಕಂಡು ಅವಳ ಮುಖ ಬಿಳುಚಿಕೊಂಡಿತು. ಬೀಗಿತ್ತಿ "ಓ, ನೀವೂ ಬಂದ್ರಾ?" ಎಂದರು. ನೋಡೋಕೆ ಬಂದೆ ಎಂದು ಹೇಳಿ ಹಿಂದೆ ಮಕ್ಕಳ ಹತ್ತಿರ ನಿಂತೆ.

ಮೊದಲು ಕರೆದದ್ದು ಒಂದು ಪುಟ್ಟ ಹುಡುಗಿಯನ್ನು. ನೀಲಿ ಸ್ವೆಟರ್. ಬೀಗಿತ್ತಿ ತಾವೇ ತೊಡಿಸಲು ಹೋದರು. ತಲೆ ಅರ್ಧ ಹೋಗಿ ಹಣೆಯ ಹತ್ತಿರ ಸಿಕ್ಕಿಕೊಂಡಿತು. ಎಳೆದರು. ಒಳಗಿನಿಂದ ಮಗು ಚೀರಿತು. ಇನ್ನೊಬ್ಬರು ಬಂದು ಎಳೆದರು. ಹಾಗೂ ಹೀಗೂ ಮೇಲಕ್ಕೆ ಕಿತ್ತು ತೆಗೆದಾಗ ಮಗುವಿನ ಕಿವಿ ಕೆಂಪಾಗಿತ್ತು. ಎರಡನೆಯ ಹುಡುಗನಿಗೂ ಅದೇ ಪಾಡು. ಮೇಷ್ಟ್ರು ಮೆತ್ತಗೆ, "ಕತ್ತು ಬಿಗಿ ಆಗಿದೆ ಅಂತ ಕಾಣ್ತದೆ ಮೇಡಂ," ಎಂದರು.

"ಪರವಾಗಿಲ್ಲ, ಕೈಯಲ್ಲಿ ಹಿಡ್ಕೊಂಡು ನಿಲ್ಲಿ ಮಕ್ಕಳೇ, ಮೊದ್ಲು ಫೋಟೋ ಆಗ್ಲಿ," ಎಂದರು ಬೀಗಿತ್ತಿ. ಆಮೇಲೆ ಸೊಸೆಯ ಕಡೆ ತಿರುಗಿ ಎಲ್ಲರ ಎದುರಿಗೇ ಗದರಿದರು. "ಅಷ್ಟು ದಿನ ಬಾಗಿಲು ಹಾಕ್ಕೊಂಡು ಕೂತು ಇದೇನಾ ನೀನು ಮಾಡಿದ್ದು? ಮಕ್ಕಳ ತಲೆ ಎಷ್ಟಿರ್ತದೆ ಅಂತ ಗೊತ್ತಾಗಲ್ವಾ ನಿಂಗೆ? ನನ್ನ ಮಾನ ತೆಗೆದ್ಬುಟ್ಟೆ."

ಹುಡುಗಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ಅಲ್ಲಿಯವರೆಗೆ ಹೊಗಳಿಕೆಯೆಲ್ಲ ಅವಳಿಗೆ ಹೋದದ್ದನ್ನು ನಾನು ಹೇಗೋ ನುಂಗಿದ್ದೆ. ಬೈಗುಳವೂ ಅವಳಿಗೇ ಹೋದದ್ದನ್ನು ನುಂಗಲಾಗಲಿಲ್ಲ. ತಪ್ಪಾದರೂ ಅದು ನನ್ನ ತಪ್ಪು. ಅದನ್ನು ಇನ್ನೊಬ್ಬರಿಗೆ ಯಾಕೆ ಕೊಡಲಿ?

"ಅವಳನ್ನ ಯಾಕ್ ಬಯ್ತೀರಿ?" ಎಂದು ಮುಂದೆ ಬಂದೆ. "ಕತ್ತು ಬಿಗಿ ಮಾಡಿದ್ದು ನಾನು. ಈ ಸ್ವೆಟರೆಲ್ಲ ಹಾಕಿದ್ದು ನಾನು. ನೀವು ಹೆಣ್ಣು ನೋಡೋಕೆ ಬಂದಾಗ ಹೊದ್ಕೊಂಡ್ರಲ್ಲ, ಆ ಶಾಲೂ ನಾನೇ ಹಾಕಿದ್ದು. ಈ ಮಕ್ಕಳನ್ನ ಒಂದ್ಸಲ ನೋಡೋಕೆ ಬುಟ್ಟಿದ್ರೆ ಅಳತೆ ತಪ್ತಿರ್ಲಿಲ್ಲ."

ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ.

"ನೀವಾ? ಮತ್ತೆ ಅವತ್ತು ನಿಮ್ಮನ್ನ ನೋಡ್ಲೇ ಇಲ್ವಲ್ಲ ನಾವು?" ಎಂದರು ಬೀಗಿತ್ತಿ.

"ಇತ್ತಲಲ್ಲಿ ಕೂರಿಸಿದ್ರು. ಮದ್ವೆ ಆಗ್ದೋಳು ಕಣ್ಣಿಗೆ ಬಿದ್ರೆ ನೀವು ವಾಪಸ್ ಓಗ್ತೀರಿ ಅಂತ."

ಬೀಗಿತ್ತಿ ನನ್ನನ್ನು ಬಿಟ್ಟು ಸೊಸೆಯನ್ನು ನೋಡಿದರು. "ಏನೇ, ನಿಜವಾ ಇದು?"

ಅವಳು ಇಲ್ಲ ಅಂದಿದ್ದರೆ ಅಷ್ಟು ಜನರ ಎದುರು ನಾನು ಸುಳ್ಳುಗಾತಿ. ಹೌದು ಅಂದರೆ ಅವಳ ಗತಿ ಏನೋ.

"ಹೂಂ ಅತ್ತೆಮ್ಮ," ಎಂದಳು ನಮ್ಮ ಹುಡುಗಿ. "ನಂಗೆ ಒಂದು ಸುತ್ತೂ ಬರಲ್ಲ."

"ಮತ್ತೆ ದಿನಾ ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಏನು ಮಾಡ್ತಿದ್ದೆ?"

"ಮಲಗ್ತಿದ್ದೆ."

ಸಂಘದ ಹೆಂಗಸೊಬ್ಬರು ಕಿಸಕ್ಕನೆ ನಕ್ಕರು. ಹಿಂದೆಯೇ ಎಲ್ಲರೂ ನಕ್ಕರು. ಬೀಗಿತ್ತಿ ಮಾತ್ರ ನಗಲಿಲ್ಲ. "ಮನೆಗೆ ನಡಿ, ಮಾತಾಡೋಣ," ಎಂದು ಹೇಳಿ ಸೀರೆ ಕೊಡವಿ, ಹೋಗಿ ತಾವು ಬಂದಿದ್ದ ವ್ಯಾನಿನಲ್ಲಿ ಕೂತರು.

ನಾನು ಹುಡುಗಿಗೆ ಹೇಳಿದೆ: "ಅವ್ರು ಕಳಿಸ್ಬುಟ್ರೆ ಬಂದ್ಬುಡು. ನಾನು ಬದ್ಕಿಲ್ವಾ? ಇಲ್ಲಾಂದ್ರೆ ಅಲ್ಲೇ ತಲೆ ಎತ್ಕೊಂಡಿರು." ಅದನ್ನು ವ್ಯಾನಿನಲ್ಲಿದ್ದವರಿಗೆ ಕೇಳುವಷ್ಟು ಜೋರಾಗಿಯೇ ಹೇಳಿದೆ.

ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಆ ನೀಲಿ ಸ್ವೆಟರನ್ನು ಮಡಿಲಲ್ಲಿ ಇಟ್ಟುಕೊಂಡು, ಎಡ ಭುಜದ ಹೊಲಿಗೆ ಬಿಚ್ಚಿ, ಅಂಚಿಗೆ ಒಂದು ಸಾಲು ಕ್ರೋಷಾ ಹಾಕಿ, ಕಟ್ಟಿಕೊಳ್ಳಲು ಎರಡು ದಾರ ಬಿಟ್ಟೆ. ಮೊದಲು ಅತ್ತಿದ್ದ ಆ ಪುಟ್ಟ ಹುಡುಗಿ ಹೆದರಿಕೊಂಡೇ ತಲೆ ತೂರಿಸಿದಳು. ಈ ಸಲ ಸಲೀಸಾಗಿ ಹೊರಗೆ ಬಂತು. ಅವಳು ತೋಳನ್ನು ಕೆನ್ನೆಗೆ ಉಜ್ಜಿಕೊಂಡು ನೋಡಿದಳು. ಅಷ್ಟರಲ್ಲಿ ಉಳಿದ ಮಕ್ಕಳು ತಮ್ಮ ತಮ್ಮ ಸ್ವೆಟರ್ ಹಿಡಿದು ಮೆಟ್ಟಿಲ ಮುಂದೆ ಸಾಲು ನಿಂತಾಗಿತ್ತು. ಮೊದಲು ಕಿಸಕ್ಕನೆ ನಕ್ಕಿದ್ದ ಆ ಹೆಂಗಸು ಕುರ್ಚಿಯಿಂದ ಎದ್ದು ಬಂದು, ಹೊಲಿಗೆ ಬಿಚ್ಚುವುದಾದರೆ ನನಗೂ ಬರುತ್ತದೆ ಎಂದು ಕತ್ತರಿ ಕೇಳಿದರು. ನಮ್ಮ ಹುಡುಗಿ ನನ್ನ ಪಕ್ಕ ಕೂತು ದಾರ ಅಳೆದು ಅಳೆದು ಕೊಟ್ಟಳು. ಲೆಕ್ಕದಲ್ಲಿ ಅವಳು ಯಾವಾಗಲೂ ಚುರುಕು, ಒಂದೂ ಹೆಚ್ಚು ಕಡಿಮೆಯಾಗಲಿಲ್ಲ.

ಬಿಸಿಲು ಇಳಿಯುತ್ತಾ ಬಂತು. ಡ್ರೈವರ್ ಎರಡು ಸಲ ಹಾರನ್ ಹೊಡೆದ. ಕೊನೆಗೆ ಬೀಗಿತ್ತಿಯೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಸೊಸೆಯನ್ನು ಕರೆದರು. "ಬರ್ತೀಯೋ, ಬಿಟ್ಟು ಹೋಗೋದೋ?"

ಹುಡುಗಿ ತಲೆ ಎತ್ತದೆ ದಾರ ಕತ್ತರಿಸುತ್ತಾ ಉತ್ತರ ಕೊಟ್ಟಳು. "ಇನ್ನೂ ಮಕ್ಕಳವೆ ಅತ್ತೆಮ್ಮ. ನಮ್ಮತ್ತೆ ಮುಗಿಸ್ಲಿ, ಆಮೇಲೆ ಬತ್ತೀನಿ."

ವ್ಯಾನು ಕಾದು ನಿಂತಿತು.