ಒಂದು ನಿಮಿಷ ಓಡುವವರು

ಹೊಸ ಬೂಟಿನ ರಬ್ಬರ್ ವಾಸನೆ ನನಗೆ ಆಗಿಬರುವುದಿಲ್ಲ, ತಲೆ ಹಿಡಿಯುತ್ತದೆ. ಆದರೂ ಮೊನ್ನೆ ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಆ ವಾಸನೆಯ ನಡುವೆ ಅರ್ಧ ತಾಸು ಕೂತಿದ್ದೆ. ಹಳೆಯ ಬೂಟಿನ ಅಟ್ಟೆ ಕಿತ್ತುಬಂದಿತ್ತು. ಅಂಗಡಿಯವರು ಡಬ್ಬಿಗಳನ್ನು ಇಳಿಸುತ್ತ, “ನಡ್ಯಾಕೋ, ಓಡಾಕೋ, ಅಕ್ಕಾರ?” ಎಂದು ಕೇಳಿದರು.

“ಓಡಾಕ್ರಿ.”

“ಓಡಾಕತ್ತು ಭಾಳ ದಿನ ಆತೇನ್ರಿ?”

“ಆತ್ರಿ, ಮೂರ್ನಾಕು ವರ್ಷ.”

“ಹಂಗಾರ ಈಗ ಒಂದ ದಮ್ಮಿಗೆ ಎಷ್ಟ ಓಡ್ತೀರಿ?”

“ಒಂದ ನಿಮಿಷ.”

ಅವರ ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು. “ಚೇಷ್ಟಿ ಮಾಡಾಕತ್ತೀರೇನ್ರಿ?” ಎಂದು ನಕ್ಕರು.

ಚೇಷ್ಟೆ ಮಾಡುವ ಉಮೇದು ನನ್ನಲ್ಲಿ ಉಳಿದಿಲ್ಲ. ಬೆಳಿಗ್ಗೆ ಜಲನಗರದಿಂದ ಹೊರಟು ಬಸ್ಸಿನಲ್ಲಿ ನಿಂತು ತಿಕೋಟಾದ ಶಾಲೆ ಮುಟ್ಟಿ, ದಿನವಿಡೀ ಕೂಗಿ, ಮತ್ತೆ ಬಸ್ಸಿನಲ್ಲಿ ನಿಂತು ಮನೆ ಮುಟ್ಟುವ ಹೆಂಗಸಿಗೆ ಸುಸ್ತು ಒಂದು ಸ್ವಭಾವವೇ ಆಗಿಬಿಡುತ್ತದೆ. ಮೂರ್ನಾಲ್ಕು ವರ್ಷ ಓಡಿಯೂ ಒಂದು ನಿಮಿಷಕ್ಕೇ ನಿಂತವಳ ಕಥೆ ನಿಮಗೂ ನಗು ತರಿಸಬಹುದು. ನಗಿ, ಆದರೆ ಪೂರ್ತಿ ಕೇಳಿ.

ನನ್ನ ಜೊತೆ ಓಡುತ್ತಿದ್ದವಳು ನೀಲಕ್ಕ. ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಕಡೆ ನೆಗೆಣ್ಣಿ ಎನ್ನುತ್ತಾರೆ. ಜಲನಗರದ ನಮ್ಮ ಮನೆ ಒಂದೇ, ಅಡುಗೆಮನೆ ಎರಡು. ಕೆಳಗಿನದು ಅವಳದು, ಮೇಲಿನದು ನನ್ನದು. ಓಟ ಶುರುವಾಗುವ ಹೊತ್ತಿಗೆ ನಾವಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಒಂದೇ ಮನೆಯಲ್ಲಿದ್ದುಕೊಂಡು ಪೂರ್ತಿ ಮಾತು ಬಿಡಲು ಯಾರಿಂದಲೂ ಆಗುವುದಿಲ್ಲ. ನಳಕ್ಕೆ ನೀರು ಬಂದರೆ ಅವಳು ಅಂಗಳದಲ್ಲಿ ನಿಂತು ನನ್ನ ಮಗಳಿಗೆ, “ನಿಮ್ಮವ್ವಗ ಹೇಳು, ನೀರ ಬಂದಾವಂತ” ಎಂದು ನನಗೆ ಕೇಳುವ ಹಾಗೆ ಕೂಗುವಳು. ನಾನು ಮೇಲಿನಿಂದ, “ಕೇಳಿಸೈತಿ ಅಂತ ಹೇಳು” ಎನ್ನುತ್ತಿದ್ದೆ. ಮಗಳು ಕಾಲೇಜಿಗೆ ಹೋಗಿ ಮನೆಯಲ್ಲಿ ಇಲ್ಲದಿದ್ದಾಗಲೂ ನಮ್ಮ ಮಾತು ಹೀಗೆಯೇ ನಡೆಯುತ್ತಿತ್ತು.

ಕಾರಣ ನನ್ನ ಮಟ್ಟಿಗೆ ಸಣ್ಣದಾಗಿರಲಿಲ್ಲ. ಕಾಖಂಡಕಿಯಲ್ಲಿ ನನ್ನ ಅಪ್ಪ ತೀರಿಕೊಂಡಾಗ ನೀಲಕ್ಕ ಮಾತಾಡಿಸಲು ಬರಲಿಲ್ಲ. ನಮ್ಮಲ್ಲಿ ಮದುವೆಗೆ ಬರದವರನ್ನು ಹೇಗೋ ಮನ್ನಿಸುತ್ತಾರೆ, ಸಾವಾದ ಮನೆಗೆ ಮಾತಾಡಿಸಲು ಬರದವರನ್ನು ಮನ್ನಿಸುವುದಿಲ್ಲ. ಬಂದವರು ಎದುರು ಕೂತು “ಹ್ಯಾಂಗಾತು?” ಎಂದು ಕೇಳಬೇಕು; ಮನೆಯವರು ಮೊದಲಿನಿಂದ ಹೇಳಬೇಕು. ಎಲ್ಲರಿಗೂ ಗೊತ್ತಿರುವುದನ್ನೇ ಹೇಳಿ ಹೇಳಿ ದುಃಖ ಸ್ವಲ್ಪ ಸವೆಯುತ್ತದೆ. ನಾನೂ ಹೇಳಿದೆ, ಗಂಟಲು ಒಣಗುವವರೆಗೆ ಹೇಳಿದೆ. ಹೇಳುವಾಗೆಲ್ಲ ಕಣ್ಣು ಬಾಗಿಲ ಕಡೆಗೇ ಇತ್ತು. ನೀಲಕ್ಕನ ಗಂಡ ಬಂದರು. “ಆಕಿಗೆ ಆರಾಮಿಲ್ಲ” ಎಂದು ನೆಲ ನೋಡುತ್ತ ಹೇಳಿದರು. ಜಲನಗರಕ್ಕೆ ಮರಳಿ ನೋಡಿದರೆ ಅವಳು ಗಟ್ಟಿಮುಟ್ಟಾಗಿ ಅಂಗಳ ಗುಡಿಸುತ್ತಿದ್ದಳು.

ನನಗೆ ಹೆಚ್ಚು ನೋವಾದದ್ದು ಏಕೆಂದರೆ, ಅಪ್ಪ ಅವಳನ್ನು ಬೇರೆ ಎಂದು ನೋಡಿದವನೇ ಅಲ್ಲ. ನೀಲಕ್ಕನಿಗೆ ತವರಿಲ್ಲ. ತಂದೆ ತಾಯಿ ಚಿಕ್ಕಂದಿನಲ್ಲೇ ಹೋದರು. ಸಾಕಿದ ಸೋದರಮಾವ ಮದುವೆ ಮಾಡಿ ಕೈ ತೊಳೆದುಕೊಂಡ. ಪಂಚಮಿಗೆ ನನ್ನನ್ನು ಕರೆದೊಯ್ಯಲು ಬಂದ ಮೊದಲ ವರ್ಷವೇ ಅಪ್ಪ, ಬಾಗಿಲ ಹಿಂದೆ ನಿಂತಿದ್ದ ಅವಳನ್ನು ನೋಡಿ, “ಇಬ್ರೂ ನಡೀರಿ ಬೇ, ಜೋಕಾಲಿಗೆ ಎರಡ ಕಡೆ ಜಾಗ ಐತಿ” ಎಂದಿದ್ದ. ಆಮೇಲೆ ಪ್ರತಿ ವರ್ಷ ಎರಡು ಕುಪ್ಪಸದ ಖಣ, ಎರಡು ಪೊಟ್ಟಣ ಶೇಂಗಾ ಉಂಡಿ. ಅವಳು ದೊಡ್ಡಾಕಿ, ನಾನು ಸಣ್ಣಾಕಿ. ಅಂಥವನು ಸತ್ತಾಗ ಅಂಗಳ ಗುಡಿಸುತ್ತಿದ್ದವಳನ್ನು ನಾನು ಏಕೆ ಮಾತಾಡಿಸಲಿ?

ಇನ್ನು ಓಟದ ವಿಷಯ. ಇಬ್ಬರಿಗೂ ಸಕ್ಕರೆ ರೋಗ ಬಂತು. ಬೇರೆ ಬೇರೆಯಾಗಿ ಹೊರಟವರು ಓಣಿಯ ದವಾಖಾನೆಯಲ್ಲಿ ಎದುರುಬದುರು ಬೆಂಚಿನಲ್ಲಿ ಸಿಕ್ಕಿಬಿದ್ದೆವು. ಡಾಕ್ಟರು ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದು, “ಒಂದ ಮನಿಯವ್ರು, ಕೂಡೇ ಹೋಗ್ರಿ. ಸ್ವಲ್ಪ ಓಡ್ರಿ, ಸ್ವಲ್ಪ ನಡೀರಿ. ಒಬ್ಬರಿಗೆ ಬ್ಯಾಸರಾದ್ರ ಇನ್ನೊಬ್ಬರು ಎಳೀತೀರಿ” ಎಂದರು. ನಾವು ಮಾತಾಡುವುದಿಲ್ಲ ಎಂದು ಹೊರಗಿನವರ ಮುಂದೆ ಹೇಳುವುದುಂಟೆ? ಮನೆತನದ ಮರ್ಯಾದೆ. ಇಬ್ಬರೂ ಗೋಣು ಹಾಕಿ ಬಂದೆವು.

ಮಗಳು ನನ್ನ ಫೋನಿನಲ್ಲಿ ಏನೋ ಹಾಕಿಕೊಟ್ಟಳು. ಅದರೊಳಗಿನ ಹೆಂಗಸು “ರನ್” ಎಂದರೆ ಓಡಬೇಕು, “ವಾಕ್” ಎಂದರೆ ನಡೆಯಬೇಕು. ಮೊದಲ ವಾರ ಒಂದು ನಿಮಿಷ ಓಟ, ಅದಕ್ಕಿಂತ ಹೆಚ್ಚು ನಡಿಗೆ. ವಾರ ಕಳೆದ ಹಾಗೆ ಓಟ ಬೆಳೆಯುತ್ತದೆ, ನಡಿಗೆ ಕರಗುತ್ತದೆ, ಕೊನೆಗೆ ನಡಿಗೆಯೇ ಇಲ್ಲ. ನೀಲಕ್ಕ ಆ ಹೆಂಗಸಿಗೆ ಅಕ್ಕೋರು ಎಂದು ಹೆಸರಿಟ್ಟಳು; ನಮ್ಮ ಕಡೆ ಶಾಲೆಯ ಟೀಚರಿಗೆ ಹಾಗೆನ್ನುತ್ತಾರೆ. ಅದು ಶಾಲೆ ಕಲಿಸುವ ನನಗೂ ಸೇರಿಸಿ ಕೊಟ್ಟ ಏಟು ಎಂದು ನನಗೆ ಗೊತ್ತಿತ್ತು.

ಮೊದಲ ದಿನ ಜಲನಗರದ ಹಿಂದಿನ ರಸ್ತೆಗೆ ಹೋದೆವು. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕಾಲಲ್ಲಿ ಬೂಟು, ನಡುವೆ ನಾಲ್ಕು ಮಾರು ಅಂತರ. ಅಕ್ಕೋರು ಅಪ್ಪಣೆ ಕೊಟ್ಟರು. ಒಂದು ನಿಮಿಷ ಅಷ್ಟು ಉದ್ದವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮುಗಿಯುವಷ್ಟರಲ್ಲಿ ಇಬ್ಬರೂ ಯಾರದೋ ಮನೆಯ ಕಂಪೌಂಡು ಹಿಡಿದು ಬಾಗಿದ್ದೆವು. ನೀಲಕ್ಕ ಯಾರಿಗೆಂದಿಲ್ಲದೆ, “ಯಪ್ಪಾ... ಸತ್ತೆ ಬೇ” ಎಂದಳು.

“ನಾನೂ” ಎಂದೆ.

ಎರಡು ವರ್ಷದ ಮೇಲೆ ಆಡಿದ ಮಾತು ಅಷ್ಟೇ. ಉಸಿರು ಸಿಕ್ಕಿದ ಮೇಲೆ ಇಬ್ಬರಿಗೂ ನಾಚಿಕೆಯಾಯಿತು.

ಆದರೆ ಓಡಿ ಬಂದ ಬಾಯಿಗೆ ಬಿಗುಮಾನ ಉಳಿಯುವುದಿಲ್ಲ. ನಡೆಯುವ ಹೊತ್ತಿನಲ್ಲಿ ಒಂದೊಂದೇ ಮಾತು ಬರತೊಡಗಿತು. ಹಾಲಿನವನು ನೀರು ಹಾಕುವುದು, ಮಂಡಿ ನೋವು, ಯಾರ ಮನೆಯ ನಾಯಿ ಬೆನ್ನು ಹತ್ತುತ್ತದೆ. ಮಾತು ನಡುವೆ ಇದ್ದಾಗಲೇ ಅಕ್ಕೋರು “ರನ್” ಎನ್ನುವರು. ಓಡಿ ಬಂದು, ಏದುಸಿರಿನಲ್ಲಿ ನೀಲಕ್ಕ, “ಎಲ್ಲಿತನಾ ಹೇಳಿದ್ದೆ?” ಎಂದು ಕೇಳಿ ಅಲ್ಲಿಂದಲೇ ಎತ್ತಿಕೊಳ್ಳುವಳು. ಮನೆಯ ಗೇಟು ದಾಟಿದರೆ ಮುಗಿಯಿತು. ಮತ್ತೆ ಅವಳು ಕೆಳಗೆ, ನಾನು ಮೇಲೆ, “ನಿಮ್ಮವ್ವಗ ಹೇಳು.” ಮಾತಿಗೆ ರಸ್ತೆಯಲ್ಲಿ ಮಾತ್ರ ಪರವಾನಗಿ ಇದ್ದಂತಿತ್ತು.

ಭಾನುವಾರಗಳಲ್ಲಿ ತಿಕೋಟಾಕ್ಕೆ ಹೋಗುತ್ತಿದ್ದೆವು. ಅಲ್ಲಿ ನಮ್ಮದೊಂದು ಚಿಕ್ಕ ದ್ರಾಕ್ಷಿ ತೋಟವಿದೆ, ನಮ್ಮ ಕಡೆ ಪಡ ಎನ್ನುತ್ತಾರೆ. ಮೊದಲ ಬಸ್ಸಿಗೆ ಹೋಗಿ, ಪಡದ ದಾರಿಯ ಬದಿಗೆ ಓಡುವುದು. ಅಂಥ ಒಂದು ಬೆಳಿಗ್ಗೆ ಪರಿಚಯದವರೊಬ್ಬರು ಬೈಕು ನಿಲ್ಲಿಸಿದರು. “ಯಾಕ್ರಿ, ಏನಾತು? ಯಾರಿಗರೆ ಆರಾಮಿಲ್ಲೇನು? ಹತ್ರಿ, ಬಿಡ್ತೀನಿ.” ನಮ್ಮ ಕಡೆ ನಡೆಯುವವರನ್ನು ಕಂಡರೆ ಗಾಡಿ ನಿಲ್ಲಿಸದೆ ಹೋಗುವುದು ಅಪಚಾರ, ಓಡುವ ಹೆಂಗಸರನ್ನು ಕಂಡರಂತೂ ಎದೆ ಒಡೆಯುತ್ತದೆ. ಉಸಿರು ಕಟ್ಟಿ ನಮಗೆ ಉತ್ತರ ಹೇಳಲಾಗಲಿಲ್ಲ. ಎದುರು ಗಾಳಿಗೆ ಇಬ್ಬರ ಕಣ್ಣಲ್ಲೂ ನೀರು. ಕೈ ಆಡಿಸಿ ಮುಂದೆ ಓಡಿದೆವು.

ಅಂದು ಮಧ್ಯಾಹ್ನ ಆ ಮನುಷ್ಯ ಹೆಂಡತಿಯನ್ನು ಕರೆದುಕೊಂಡು ಜಲನಗರದ ಮನೆಗೆ ಬಂದರು. ಆಕೆ ಬಾಯಿಗೆ ಸೆರಗು ಹಿಡಿದಿದ್ದರು. ಇಬ್ಬರೂ ಕೂತರು. ಒಳಗೆ ನನ್ನ ಗಂಡ, ಭಾವ ಊಟಕ್ಕೆ ಕೂತಿದ್ದರು. ಆ ಮನುಷ್ಯ ತಗ್ಗಿದ ದನಿಯಲ್ಲಿ ಕೇಳಿದರು: “ಹ್ಯಾಂಗಾತ್ರಿ?”

ಯಾರೂ ಸತ್ತಿಲ್ಲವೆಂದು ಅವರಿಗೆ ತಿಳಿಹೇಳುವುದು ಸುಲಭವಾಗಲಿಲ್ಲ. ಸಕ್ಕರೆ ರೋಗಕ್ಕೆ ಓಡುತ್ತಿದ್ದೆವೆಂದರೆ, ದುಃಖ ನುಂಗಿಕೊಂಡು ಹಾಗೆ ಹೇಳುತ್ತಿದ್ದೇವೆಂದು ತಿಳಿದರು. ಭಾವನೇ ಎಂಜಲು ಕೈಯಲ್ಲಿ ಎದ್ದುಬಂದು, “ಎಲ್ಲಾರೂ ಅದೀವ್ರಿ” ಎಂದ ಮೇಲೆ ನಂಬಿದರು. ಸಾವಿನ ಮನೆಯಿಂದ ಏಳುವಾಗ “ಬರ್ತೀವಿ” ಎನ್ನಬಾರದು. ಅವರು ಚಹಾ ಕುಡಿದು, ಹೋಗುವಾಗ ಬಾಗಿಲಲ್ಲಿ ಒಮ್ಮೆ, ಗೇಟಿನಲ್ಲಿ ಒಮ್ಮೆ ಗಟ್ಟಿಯಾಗಿ “ಬರ್ತೀವ್ರಿ” ಎಂದು ಹೇಳಿ ಹೋದರು. ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕೆವು.

ನಗು ಇಳಿದ ಮೇಲೆ ನೀಲಕ್ಕ ಕಪ್ಪು ತೊಳೆಯುತ್ತ ಗೋಡೆಗೆ ಹೇಳಿದಳು: “ಸುಳ್ಳ ಸುದ್ದಿ ಕೇಳಿ ಅಷ್ಟ ದೂರದಿಂದ ಬಂದ್ರು, ನೋಡು.”

ನಾನೂ ಗೋಡೆಗೇ ಹೇಳಿದೆ: “ಖರೇ ಸುದ್ದಿ ಕೇಳಿದ್ರೂ ಕೆಲವೊಬ್ರು ಬರೂದಿಲ್ಲ.”

ಅವಳ ಕೈಯಲ್ಲಿ ಕಪ್ಪು ನಿಂತಿತು. ಆಮೇಲೆ ಅದನ್ನೇ ಮತ್ತೊಮ್ಮೆ ತೊಳೆದಳು.

ಮರುದಿನ ಬೆಳಿಗ್ಗೆ ಬರುತ್ತಾಳೋ ಇಲ್ಲವೋ ಎಂದುಕೊಂಡೆ. ಬಂದಳು. ಮೊದಲ ಓಟ ಮುಗಿದು ನಡೆಯತೊಡಗಿದಾಗ ಮುಂದೆ ನೋಡುತ್ತಲೇ, “ನಾ ಬಂದಿದ್ದೆ” ಎಂದಳು.

“ಎಲ್ಲಿಗೆ?”

“ಬಬಲೇಶ್ವರ ತನಾ.”

ಅಕ್ಕೋರು “ರನ್” ಎಂದರು.

ಆಗ ನಾವು ಐದು ನಿಮಿಷದ ಓಟಕ್ಕೆ ಬಂದಿದ್ದೆವು. ಆ ಐದು ನಿಮಿಷ ನಾನು ಹೇಗೆ ಓಡಿದೆನೋ ತಿಳಿಯದು. ಓಟ ಮುಗಿದಾಗ ಅವಳಿಗೆ ಎದೆ ಹಿಡಿದಂತಾಗಿ ಮಾತೇ ಬರಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಮುಂದಿನ ದಿನ ಇನ್ನೊಂದು ತುಣುಕು: ಬಸ್ಸಿಗೆ ಹೋದದ್ದು, ಬಬಲೇಶ್ವರದಲ್ಲಿ ಇಳಿದು ಕಾಖಂಡಕಿ ಬಸ್ಸಿಗೆ ಕಾದದ್ದು. ಇನ್ನೊಂದು ದಿನ: ಬಸ್ಸು ಬಂತು, ಹತ್ತಲಿಲ್ಲ, ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ. ಸಂಜೆ ತಿರುಗಿ ಬಂದಳು. ಮರುದಿನ ಹೊರಟಿದ್ದ ಭಾವನಿಗೆ, ತನಗೆ ಆರಾಮಿಲ್ಲವೆಂದು ಹೇಳಿದಳು. ಏಕೆ ಹತ್ತಲಿಲ್ಲ ಎಂಬಲ್ಲಿಗೆ ಬಂದಾಗೆಲ್ಲ ಅವಳು ತಡವರಿಸುವಳು. ಅಷ್ಟರಲ್ಲಿ ಓಟ ಬರುವುದು. ವಾರದಿಂದ ವಾರಕ್ಕೆ ಓಟ ಉದ್ದವಾಗುತ್ತಿತ್ತು. ಡಾಕ್ಟರು ಖುಷಿಯಾಗಿದ್ದರು. ಮೆಟ್ಟಿಲು ಹತ್ತಿದರೆ ನನಗೆ ಏದುಸಿರು ಬರುತ್ತಿರಲಿಲ್ಲ. ನನಗೆ ಮಾತ್ರ ಆ ಪ್ರಗತಿ ಬೇಡವಾಗಿತ್ತು. “ಮುಂದಿನ ವಾರದಿಂದ ನಡಿಯೂದ ಇಲ್ಲವ್ವಾ, ಬರೇ ಓಡೂದು!” ಎಂದು ಮಗಳು ಸಡಗರದಿಂದ ಹೇಳಿದಾಗ ಅಳು ಬಂದಂತಾಯಿತು. ನಡಿಗೆ ಹೋದರೆ ಮಾತು ಹೋಯಿತು. ಮನೆಯೊಳಗೆ ಅವಳು ಅದನ್ನು ಹೇಳುವವಳಲ್ಲ, ನಾನು ಕೇಳುವವಳಲ್ಲ.

ಕೊನೆಯ ನಡಿಗೆ ಬಂದದ್ದು ಒಂದು ಭಾನುವಾರ, ಪಡದ ದಾರಿಯಲ್ಲಿ. ಅಲ್ಲೊಂದು ಸಣ್ಣ ಸೇತುವೆಯ ಕಟ್ಟೆಯಿದೆ. ಅಲ್ಲಿಗೆ ಬರುವಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. “ಅಕ್ಕಾ, ಬಸ್ ಯಾಕ ಹತ್ತಲಿಲ್ಲ?”

ಅವಳು ನಿಲ್ಲದೆ ನಡೆಯುತ್ತಲೇ ಹೇಳಿದಳು. “ಅಲ್ಲಿ ಬಂದು ನಿನ್ನ ಮಾತಾಡಸಬೇಕಿತ್ತು. ಬಂದವ್ರೆಲ್ಲಾ ಅದನ್ನ ಮಾಡಾಕತ್ತಿದ್ರು. ನನ್ನ ಕೈಲೆ ಆಗ್ತಿದ್ದಿಲ್ಲ ಬೇ. ನಾ ನಿನಗಿಂತ ಜಾಸ್ತಿ ಅಳ್ತಿದ್ದೆ. ಮಂದಿ ಕೇಳ್ತಿದ್ರು, ಮಗಳ ಅಲ್ಲ, ಏನಲ್ಲ, ಇಕಿ ಯಾಕ ಹಿಂಗ ಅಳ್ತಾಳಂತ. ಏನ ಹೇಳಲಿ?” ಸೆರಗಿನಿಂದ ಮುಖ ಒರೆಸಿಕೊಂಡಳು. “ಎಲ್ಲಾರೂ ನಿನ್ನ ಮಾತಾಡಿಸಿದ್ರು. ನನ್ನ ಯಾರು ಮಾತಾಡಿಸಿದ್ರು?”

“ರನ್” ಎಂದರು ಅಕ್ಕೋರು.

ನೀಲಕ್ಕ ಅಭ್ಯಾಸಬಲದಿಂದ ಎರಡು ಹೆಜ್ಜೆ ಓಡಿದಳು. ನಾನು ಅವಳ ಕೈ ಹಿಡಿದು ಎಳೆದು ಕಟ್ಟೆಯ ಮೇಲೆ ಕೂರಿಸಿದೆ. ಎದುರು ಕೂತೆ. ಕಾಖಂಡಕಿಯ ಪಡಸಾಲೆಯಲ್ಲಿ ಊರವರೆಲ್ಲ ನನ್ನ ಎದುರು ಕೂತ ಹಾಗೆಯೇ ಕೂತು, ಅವರು ಕೇಳಿದ್ದನ್ನೇ ಕೇಳಿದೆ.

“ಅಕ್ಕಾ, ಹ್ಯಾಂಗಾತು?”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೇಳಿದಳು, ಮೊದಲಿನಿಂದ. ಕಡೆಯ ಪಂಚಮಿಗೆ ಅಪ್ಪ ಬಂದು ಮೆಟ್ಟಿಲ ಮೇಲೆ ಕೂತು ನೀರು ಕೇಳಿದ್ದು, ಅವನ ಕೈ ನಡುಗುತ್ತಿದ್ದುದನ್ನು ಅವಳು ನೋಡಿದ್ದು, ಸಣ್ಣಾಕಿಗೆ ಹೇಳಬ್ಯಾಡ ಎಂದು ಅವನು ಅಂದದ್ದು. ಸುದ್ದಿ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳಂತೆ. ಹಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೆ ನೋಡುತ್ತ ನಿಂತಳಂತೆ. ನನಗೆ ಗೊತ್ತಿಲ್ಲದ ಅಪ್ಪ ಅವಳ ಹತ್ತಿರ ಅಷ್ಟಿದ್ದ. ಫೋನು ತನ್ನಷ್ಟಕ್ಕೆ ಕೂಗಿ ಕೂಗಿ, ಕೊನೆಗೆ ಏನೋ ಶಾಬಾಸ್ ಎಂಬಂಥದ್ದು ಹೇಳಿ ಸುಮ್ಮನಾಯಿತು. ಅವಳು ಅತ್ತಳು, ನಾನೂ ಅತ್ತೆ. ಬೈಕೊಂದು ನಿಂತಿತು, “ಏನಿಲ್ರಿ, ಹೋಗ್ರಿ” ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದೆವು.

ಮರುದಿನ ಮಗಳ ಮುಂದೆ ಫೋನು ಹಿಡಿದೆ. “ಮೊದಲನೇ ವಾರ ಹಚ್ಚಿಕೊಡು.”

“ಹುಚ್ಚೇನವ್ವಾ ನಿನಗ?”

ಕೆಳಗಿನಿಂದ ನೀಲಕ್ಕ ಕೂಗಿದಳು, ಮಗಳಿಗಲ್ಲ, ನನಗೇ. “ಹಚ್ಚಿದ್ಲೇನು? ನೀರ ಬಂದಾವ, ಲಗೂನ ಬಾ.”

ಅಂದಿನಿಂದ ನಾವು ಮೊದಲನೇ ವಾರದಲ್ಲೇ ಇದ್ದೇವೆ. ಒಂದು ನಿಮಿಷ ಓಡುತ್ತೇವೆ, ಆಮೇಲೆ ನಡೆಯುತ್ತೇವೆ. ಸಕ್ಕರೆ ಅಷ್ಟಕ್ಕಷ್ಟೇ, ಡಾಕ್ಟರು ಈಗ ತಲೆ ಅಲ್ಲಾಡಿಸುತ್ತಾರೆ. ಹೋದ ಚಳಿಗಾಲದಿಂದ ನೀಲಕ್ಕನ ಮಂಡಿ ಕೈಕೊಟ್ಟಿದೆ, ಅವಳು ಓಡುವ ಹಾಗಿಲ್ಲ. ಓಟದ ಪಾಲು ನನ್ನೊಬ್ಬಳದೇ. ನಿಜ ಹೇಳಬೇಕೆಂದರೆ ದಣಿವಾಗಿದೆ. ಎಷ್ಟೋ ಬೆಳಿಗ್ಗೆ ಬೂಟು ಕಟ್ಟಿಕೊಳ್ಳಲು ಬಗ್ಗುವುದೂ ಬೇಡವೆನಿಸುತ್ತದೆ.

ಅಂಗಡಿಯವರು ನನ್ನನ್ನೇ ನೋಡುತ್ತಿದ್ದರು. “ಒಂದ ನಿಮಿಷಕ್ಕ ಓಡೂ ಬೂಟ ಯಾಕ್ರಿ ಅಕ್ಕಾರ? ನಡಿಯೂದ ತಗೋರಿ, ಸಾಕು.”

“ಓಡೂದ ಕೊಡ್ರಿ. ಎರಡ ಜೋಡಿ.” ನೀಲಕ್ಕನ ಕಾಲಿನ ಅಳತೆಯನ್ನೂ ಹೇಳಿದೆ.

ಇವತ್ತು ಬೆಳಿಗ್ಗೆ ಇಬ್ಬರೂ ಹೊಸ ಬೂಟು ಹಾಕಿಕೊಂಡು ಹೋದೆವು. “ಓಡಲಾರದಾಕಿಗೆ ಓಡೂ ಬೂಟು, ರೊಕ್ಕ ಹೆಚ್ಚಾಗ್ಯಾವು ನಿನಗ” ಎಂದು ಬೈದಳು, ಆದರೆ ಹಾಕಿಕೊಂಡಳು. ಅಕ್ಕೋರು “ರನ್” ಎಂದರು. ನಾನು ಹೇಳುತ್ತಿದ್ದ ಮಾತನ್ನು ನಡುವೆಯೇ ನಿಲ್ಲಿಸಿ, ಅವಳನ್ನು ಬಿಟ್ಟು ಮುಂದೆ ಓಡಿದೆ. ನಿಮಿಷ ಮುಗಿಯುವ ಮೊದಲೇ ತಿರುಗಿ ಅವಳ ಕಡೆಗೇ ಓಡಿಬಂದೆ. ಎದೆ ಹಿಡಿದು ನಿಂತ ನನಗೆ ಮಾತು ಹೊರಡಲಿಲ್ಲ. ಅವಳು ಕುಂಟುತ್ತ ಹತ್ತಿರ ಬಂದು, ನನ್ನ ಉಸಿರು ಸಮಾಧಾನಕ್ಕೆ ಬರುವ ತನಕ ಕಾದು, ಆಮೇಲೆ ಕೇಳಿದಳು.

“ಎಲ್ಲಿತನಾ ಹೇಳಿದ್ದೆ?”